ನೆಲದೊಳಗಿನ ನಿಕ್ಷೇಪ

ಶ್ರೀರಂಗಪಟ್ಟಣದ ರೈಲುನಿಲ್ದಾಣದ ಸಮೀಪದಲ್ಲಿದ್ದ, ಟಿಪ್ಪು ಸುಲ್ತಾನನ ಕಾಲದ ಮದ್ದಿನ ಮನೆಯೊಂದು, ೨೦೧೭ನೆಯ ಇಸವಿಯಲ್ಲಿ ತಾನು ಇನ್ನೂರು ವರ್ಷಕ್ಕೂ ಮೇಲ್ಪಟ್ಟು ನಿಂತಿದ್ದ ಸ್ಥಳವನ್ನು ಬಿಟ್ಟು, ಸುಮಾರು ೧೦೦ ಮೀಟರು ಸಾಗಿ, ಬೇರೊಂದು ಸ್ಥಳದಲ್ಲಿ ನೆಲೆಗೊಂಡಿತು. ಬೆಂಗಳೂರು ಮೈಸೂರುಗಳ ನಡುವಣ ಜೋಡಿ ರೈಲುಮಾರ್ಗಕ್ಕೆ ಅದು ಅಡ್ಡವಾಗಿದ್ದುದರಿಂದ ಅಲ್ಲಿ ಕಾಮಗಾರಿಯು ಬಹುಕಾಲ ನಿಂತುಹೋಗಿತ್ತು. ಇಟ್ಟಿಗೆ ಗಾರೆಗಳಿಂದ ಕಟ್ಟಿದ, ಅರ್ಧದಷ್ಟು ನೆಲದೊಳಗೇ ಹುದುಗಿದ್ದ, ಸುಮಾರು ೧,೦೦೦ ಟನ್ನು ತೂಕದ ಆ ಕಟ್ಟಡವನ್ನು ಕೆಡವದೆ, ಸುತ್ತಲಿನ ಮಣ್ಣನ್ನು ತೆಗೆದು, ತಳಕ್ಕೆ ಉಕ್ಕಿನ ತೊಲೆಗಳನ್ನು ಹಾಯಿಸಿ, ಜಾಕಿಗಳಿಂದ ಮೇಲೆತ್ತಿ ಇಡಿಯಾಗಿ ಸಾಗಿಸಿದರು. ಅಮೆರಿಕಾ ದೇಶದ ಸಂಸ್ಥೆಯೊಂದರ ನೆರವು ಬೇಕಾಯಿತು. ೧೦ ಕೋಟಿ ರೂಪಾಯಿಗಳಿಗೂ ಮೀರಿ ವೆಚ್ಚವಾಯಿತು. ಕೆಲವರು ಇದನ್ನು ಯಂತ್ರಶಾಸ್ತ್ರದ ವಿಜಯವೆಂದು ಕೊಂಡಾಡಿದರು. ಕೆಲವರು ಚರಿತ್ರೆಯನ್ನು ಬೇರುಸಹಿತ ಕಿತ್ತ ಕಾರ್ಯವೆಂದು ಮರುಗಿದರು. ಈ ಎರಡು ಮಾತುಗಳಲ್ಲಿ ಯಾವುದು ಸರಿ?

ಮೀಮಾಂಸಕರು ಒಂದು ಅಧಿಕರಣವನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂದು ವಿಂಗಡಿಸಿಕೊಂಡು ವಿಚಾರಕ್ಕೆ ತೊಡಗುವರು. ಆ ಕ್ರಮವನ್ನೇ ಇಲ್ಲಿಯೂ ಅನುಸರಿಸಬಹುದು. ವಿಷಯವು ಒಂದು ಮದ್ದಿನ ಮನೆಯಷ್ಟಕ್ಕೆ ನಿಲ್ಲತಕ್ಕದ್ದಲ್ಲ. ಪಟ್ಟಣಗಳು ಈಗ ಮೇಲಕ್ಕೂ ಸುತ್ತಲಿಗೂ ಬೆಳೆದು ಸಾಲದೆ ಕೆಳಕ್ಕೂ ಬೆಳೆಯುತ್ತಿರುವುವು. ಬೆಂಗಳೂರಿನಲ್ಲಿ ಮೆಟ್ರೋ ರೈಲು ನೆಲದಡಿಯ ಸುರಂಗಗಳಲ್ಲಿ ಓಡುತ್ತಿರುವುದು. ೨೦೧೨ರಲ್ಲಿ ಕೃಷ್ಣರಾಜ ಮಾರುಕಟ್ಟೆಯ ಬಳಿ, ಹಳೆಯ ಕೋಟೆಯ ಪಕ್ಕದಲ್ಲಿ, ಅದರ ಕೆಲಸಕ್ಕೆಂದು ಅಗೆಯುತ್ತಿದ್ದಾಗ ಹದಿನೆಂಟನೆಯ ಶತಮಾನದ ಫಿರಂಗಿಗಳೂ ಗುಂಡುಗಳೂ ಹೊರಬಿದ್ದುವು. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರ ಹೂಳನ್ನು ತೆಗೆಯುತ್ತಿದ್ದಾಗ ಸಾವಿರಕ್ಕೆ ಸಮೀಪದಷ್ಟು ಲೋಹದ ಬಾಣಗಳು, ಎಂದರೆ ಆ ಕಾಲದ ರಾಕೆಟ್ಟುಗಳು, ದೊರೆತುವು. ನಮ್ಮ ಸೀಮೆಯ ಊರುಗಳಲ್ಲಿ ಸುರಂಗಗಳಿಲ್ಲದಿದ್ದರೂ ಒಳಚರಂಡಿ, ನೀರಿನ ಕೊಳವೆ, ತಂತಿಯ ಕಾಲುವೆ, ನೆಲಮಾಳಿಗೆ ಇವುಗಳಿಗಾಗಿ ಅಗೆತವು ನಡೆದೇ ಇರುವುದು. ನಾಗಮಂಗಲದಲ್ಲಿ ಸೌಮ್ಯಕೇಶವನ ಗುಡಿಯು ಊರಿನೊಳಗೇ ಇದೆ. ಕೃಷ್ಣರಾಜಪೇಟೆಯ ಮಗ್ಗುಲಿನ ಹೊಸಹೊಳಲಿನಲ್ಲಿ ಲಕ್ಷ್ಮೀನಾರಾಯಣನ ಗುಡಿಯ ಸುತ್ತ ಮನೆಗಳಿವೆ. ಶ್ರೀರಂಗಪಟ್ಟಣವಂತೂ ಕೋಟೆಯೊಳಗಿನ ಊರು. ಇಂತಹ ಕಡೆಗಳಲ್ಲಿ ಹಾರೆಯು ಎಲ್ಲಿ ಬಿದ್ದರೂ ಅದು ಹಿಂದಿನವರ ನೆಲೆಯ ಮೇಲೆಯೇ ಬೀಳುವುದು. ಆದುದರಿಂದ ಸಂಶಯವು ಇದು: ನೆಲದೊಳಗೆ ಇರುವುದರ ಮೇಲೆ ಇಂದು ನೆಲದ ಮೇಲೆ ಇರುವವರಿಗೆ ಎಷ್ಟು ಅಧಿಕಾರವುಂಟು?

ಪೂರ್ವಪಕ್ಷವು ದುರ್ಬಲವಾದುದಲ್ಲ. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣಗಳಿಂದ ಪ್ರತಿದಿನವೂ ವಿದ್ಯಾರ್ಥಿಗಳು, ಕೂಲಿಕಾರರು, ಆಸ್ಪತ್ರೆಗೆ ಹೋಗತಕ್ಕ ರೋಗಿಗಳು ರೈಲನ್ನೇರುವರು. ಎದುರು ಬರುವ ಗಾಡಿಗೆ ದಾರಿ ಬಿಡುವುದಕ್ಕಾಗಿ ಇವರ ಗಾಡಿಯು ನಿಂತಾಗ ನಷ್ಟವಾಗುವುದು ಇವರ ದಿನಗೂಲಿ, ಇವರ ಪಾಠ, ಇವರ ಆರೋಗ್ಯ. ಒಳಚರಂಡಿಯಿಲ್ಲದ ಊರಿನ ಕೊಳಕು ಕೊನೆಗೆ ಕಾವೇರಿಯನ್ನೇ ಸೇರುವುದು. ಆ ನೀರನ್ನು ಕುಡಿಯುವ ಮಗುವಿಗೆ ಹೊಯ್ಸಳರ ಕಾಲದ ಇಟ್ಟಿಗೆಯನ್ನು ತೋರಿಸಿ ಸಮಾಧಾನ ಹೇಳಲಾಗದು. ಅಲ್ಲದೆ ಹಿಂದಿನವರು ತಮಗಿಂತ ಹಿಂದಿನವರ ವಿಷಯದಲ್ಲಿ ಇಷ್ಟು ಸಂಕೋಚಪಟ್ಟುದುಂಟೆ? ತಿಮ್ಮಣ್ಣನೆಂಬ ಹೆಬ್ಬಾರನು ೧೪೫೪ರಲ್ಲಿ ವಿಜಯನಗರದ ಅಪ್ಪಣೆ ಪಡೆದು, ತನಗೆ ದೊರೆತ ನಿಧಿಯಿಂದ ಶ್ರೀರಂಗಪಟ್ಟಣದ ಕೋಟೆಯನ್ನು ಕಟ್ಟಿಸಿದನೆಂದೂ, ಕಲಸವಾಡಿಯ ೧೦೧ ಬಸದಿಗಳನ್ನು ಕೆಡವಿ ಅವುಗಳ ಸಾಮಗ್ರಿಯಿಂದ ರಂಗನಾಥನ ದೇವಾಲಯವನ್ನು ವಿಸ್ತರಿಸಿದನೆಂದೂ ರೈಸ್ ಸಾಹೇಬರು ತಮ್ಮ ಗ್ಯಾಸೆಟಿಯರಿನಲ್ಲಿ ಬರೆದಿರುವರು. ನಾವು ಇಂದು ಕಾಪಾಡಬೇಕೆನ್ನುವ ಕೋಟೆಯೇ ಅಗೆದು ತೆಗೆದ ನಿಧಿಯ ಫಲವೆಂದಾದರೆ, ಅಗೆಯಬೇಡವೆಂದು ಹೇಳುವುದಕ್ಕೆ ಬಾಯಿಯೆಲ್ಲಿ? ಇದು ಪೂರ್ವಪಕ್ಷ.

ಇದಕ್ಕೆ ಪ್ರತಿಯಾಗಿ, ಒಂದು ಕಲ್ಲನ್ನೂ ಕದಲಿಸಕೂಡದೆಂಬ ಇನ್ನೊಂದು ಪಕ್ಷವೂ ಉಂಟು. ಜಗಲಿಯ ಮೇಲೆ ಕುಳಿತು ಹಾಗೆ ಹೇಳುವುದು ಸುಲಭ. ೧೯೧೧ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸವನ್ನು ಆರಂಭಿಸಿದಾಗ, ಅದರ ನೀರು ಹಳೆಯ ಊರನ್ನೂ ಹೊಯ್ಸಳರ ಕಾಲದ ವೇಣುಗೋಪಾಲನ ಗುಡಿಯನ್ನೂ ನುಂಗುವುದೆಂದು ತಿಳಿದೇ ಇತ್ತು. ನುಂಗಿದ್ದೂ ಆಯಿತು. ಆ ನೀರಿನ ಅನ್ನವನ್ನು ಉಣ್ಣುತ್ತಿರುವ ಮಂಡ್ಯದ ಸೀಮೆಯವರಲ್ಲಿ ಯಾರೊಬ್ಬರೂ ಇಂದು ಕಟ್ಟೆಯನ್ನು ಕಟ್ಟಬಾರದಾಗಿತ್ತೆಂದು ಮನಸ್ಸಾರೆ ಹೇಳಲಾರರು. ಆದುದರಿಂದ ಈ ಪಕ್ಷವನ್ನೂ ಹಾಗೆಯೇ ಒಪ್ಪಲಾಗದು.

ಈಗ ಸಿದ್ಧಾಂತವನ್ನು ನೋಡೋಣ. ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯೆಂದು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಉಪನಿಧಿಯೆಂಬ ಒಂದು ವ್ಯವಹಾರವನ್ನು ಹೇಳಿದೆ. ಒಬ್ಬನು ತನ್ನ ವಸ್ತುವನ್ನು ಪೆಟ್ಟಿಗೆಯಲ್ಲಿಟ್ಟು, ಮುದ್ರೆಯೊತ್ತಿ, ಒಳಗೆ ಏನಿದೆಯೆಂದು ಹೇಳದೆ ಇನ್ನೊಬ್ಬನ ವಶಕ್ಕೆ ಕೊಟ್ಟರೆ ಅದು ಉಪನಿಧಿ. ಪಡೆದವನು ಅದನ್ನು ಇದ್ದಂತೆಯೇ ಹಿಂದಿರುಗಿಸತಕ್ಕದ್ದು. ದೈವದಿಂದಾಗಲಿ, ರಾಜನಿಂದಾಗಲಿ, ಕಳ್ಳರಿಂದಾಗಲಿ ಅದು ನಷ್ಟವಾದರೆ ಅವನಿಗೆ ದೋಷವಿಲ್ಲ. ತನ್ನ ಇಚ್ಛೆಯಂತೆ ಅದನ್ನು ಬಳಸಿಕೊಂಡರೆ ದಂಡವುಂಟು, ವಸ್ತುವನ್ನು ವೃದ್ಧಿಸಹಿತ ತೆರಬೇಕಾದ ಹೊಣೆಯೂ ಉಂಟು. ನಮ್ಮ ಕಾಲ ಕೆಳಗಿನ ನೆಲವು ಇಂತಹದೊಂದು ಪೆಟ್ಟಿಗೆಯೆಂಬುದೇ ಈ ಲೇಖನದ ಅಭಿಪ್ರಾಯ. ಅದರೊಳಗೆ ಏನಿದೆಯೆಂದು ಯಾರೂ ನಮಗೆ ಹೇಳಿ ಹೋಗಲಿಲ್ಲ. ಅದು ನಮ್ಮ ವಶದಲ್ಲಿದೆ, ನಮ್ಮ ಸ್ವತ್ತಲ್ಲ.

ಇಟ್ಟವರು ಸತ್ತುಹೋದರಲ್ಲ, ಹಿಂದಕ್ಕೆ ಕೇಳತಕ್ಕವರು ಯಾರೆಂದು ಆಕ್ಷೇಪಿಸಬಹುದು. ಇಟ್ಟವನು ಸತ್ತ ಮಾತ್ರಕ್ಕೆ ಅವನ ವಸ್ತು ಇಟ್ಟುಕೊಂಡವನದಾಗದು. ಅದು ಅವನ ದಾಯಾದರಿಗೆ ಸಲ್ಲತಕ್ಕದ್ದು. ಇಲ್ಲಿ ದಾಯಾದರೆಂದರೆ ನಮ್ಮೊಂದಿಗೆ ಇನ್ನು ಹುಟ್ಟಬೇಕಾದವರೂ ಸೇರಿರುವರು. ವಿಶ್ವಜಿದ್ಯಾಗದಲ್ಲಿ ಸರ್ವಸ್ವವನ್ನೂ ದಾನಮಾಡುವ ರಾಜನು ಭೂಮಿಯನ್ನು ಕೊಡಬಹುದೆ ಎಂಬ ವಿಚಾರದಲ್ಲಿ ಜೈಮಿನಿಗಳ ನಿರ್ಣಯವೂ ಇದಕ್ಕೆ ಪೋಷಕವಾಗಿರುವುದು: ಭೂಮಿಯು ಎಲ್ಲರಿಗೂ ಸಮಾನವಾದುದರಿಂದ ಅದು ರಾಜನ ಕೊಡುಗೆಗೆ ಒಳಪಟ್ಟುದಲ್ಲ. ತಾಮ್ರಶಾಸನಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳನ್ನೂ ರಾಜರು ಕೊಟ್ಟಿಲ್ಲವೆ ಎಂದರೆ, ಕೊಟ್ಟಿರುವುದು ನಿಜ. ಆದರೆ ಕೊಟ್ಟುದು ಭೋಗವನ್ನು. ಅಂತಹ ಶಾಸನಗಳ ಕೊನೆಯಲ್ಲಿ, ದಾನಮಾಡುವುದಕ್ಕಿಂತಲೂ ಇತರರ ದಾನವನ್ನು ಪಾಲಿಸುವುದು ಮೇಲೆಂಬ ಅರ್ಥದ ಮಾತು ಬರುವುದನ್ನು ಬಲ್ಲವರು ಬಲ್ಲರು. ಇನ್ನು ತಿಮ್ಮಣ್ಣನ ದೃಷ್ಟಾಂತ. ಹಿಂದಿನವನೊಬ್ಬನು ಉಪನಿಧಿಯನ್ನು ಒಡೆದನೆಂಬುದು ನಮಗೆ ಅಪ್ಪಣೆಯಾಗಲಾರದು. ಕಲಸವಾಡಿಯ ಬಸದಿಗಳು ಹೇಗಿದ್ದುವೆಂದು ನಾವು ಕಾಣಲಾರೆವಲ್ಲ, ಆ ಕೊರತೆಯನ್ನು ಅನುಭವಿಸುತ್ತಿರುವವರು ನಾವೇ.

ಹಾಗಾದರೆ ಪೆಟ್ಟಿಗೆಯನ್ನು ಮುಟ್ಟಲೇ ಕೂಡದೆ? ಮನೆಗೆ ಬೆಂಕಿ ಬಿದ್ದಾಗ ಅದನ್ನು ಹೊರಗೆ ಸಾಗಿಸುವುದು ದೋಷವಲ್ಲ, ಸಾಗಿಸದಿರುವುದೇ ದೋಷ. ಆದರೆ ಮನೆಯಲ್ಲಿ ಮಂಚಕ್ಕೆ ಜಾಗ ಸಾಲದೆಂದು ಅದನ್ನು ಅಂಗಳಕ್ಕೆ ಎಸೆಯಲಾಗದು. ಪಟ್ಟಣದ ಅಗತ್ಯಗಳು ಬಹುಮಟ್ಟಿಗೆ ಬೆಂಕಿಗೂ ಮಂಚಕ್ಕೂ ನಡುವೆ ಇರತಕ್ಕವು. ಆದುದರಿಂದ ಇಲ್ಲಿ ಒಂದು ಕ್ರಮವು ಬೇಕು.

ಮೊದಲನೆಯದು, ತಿಳಿಯುವುದು. ವಾಸ್ತುಶಾಸ್ತ್ರದಲ್ಲಿ ಮನೆ ಕಟ್ಟುವುದಕ್ಕೆ ಮುಂಚೆ ಶಲ್ಯಶೋಧನವನ್ನು ವಿಧಿಸಿದೆ: ನೆಲದಲ್ಲಿ ಎಲುಬು, ಇದ್ದಲು ಮುಂತಾದುವು ಇವೆಯೇ ಎಂದು ನೋಡಿ ತೆಗೆಯತಕ್ಕದ್ದು. ಅವರು ಅದನ್ನು ದೋಷಪರಿಹಾರಕ್ಕಾಗಿ ಮಾಡಿದರು. ನಾವು ಜ್ಞಾನಕ್ಕಾಗಿ ಮಾಡಬೇಕು. ನಕ್ಷೆ ಬರೆದು, ಗುತ್ತಿಗೆ ಕೊಟ್ಟು, ಯಂತ್ರ ಇಳಿಸಿದ ಮೇಲೆ ಫಿರಂಗಿ ಸಿಕ್ಕಿತೆಂದು ಆಶ್ಚರ್ಯಪಡುವುದು ಕೋಟೆಯ ಪಕ್ಕದಲ್ಲಿ ಅಗೆಯುವವರಿಗೆ ಶೋಭಿಸದು. ಎರಡನೆಯದು, ತಪ್ಪಿಸಿ ಹೋಗುವುದು: ಪಕ್ಕಕ್ಕೆ, ಇಲ್ಲವೆ ಇನ್ನೂ ಆಳಕ್ಕೆ. ಮೂರನೆಯದು, ಬೇರೆ ದಾರಿಯೇ ಇಲ್ಲದಿದ್ದಲ್ಲಿ ಕದಲಿಸುವುದು. ನಾಲ್ಕನೆಯದು, ಕದಲಿಸಿದಾಗ ಏನು ನಷ್ಟವಾಯಿತೆಂಬುದನ್ನು ಮುಚ್ಚಿಡದೆ ಬರೆದಿಡುವುದು.

ಈ ಕ್ರಮದ ಮೂರನೆಯ ಮೆಟ್ಟಿಲಿನಲ್ಲಿ ಎಂತಹ ವಾದಗಳು ಏಳುವುವೆಂಬುದಕ್ಕೆ ಗ್ರೀಸ್ ದೇಶದ ಥೆಸ್ಸಲೊನೀಕಿ ಪಟ್ಟಣವು ನಿದರ್ಶನ. ಅಲ್ಲಿ ೨೦೦೬ರಲ್ಲಿ ನೆಲದಡಿಯ ರೈಲಿನ ಕೆಲಸಕ್ಕೆ ತೊಡಗಿದಾಗ, ಒಂದು ನಿಲ್ದಾಣದ ಸ್ಥಳದಲ್ಲಿ ಪುರಾತನವಾದ ಅಮೃತಶಿಲೆಯ ರಾಜಬೀದಿಯೂ ಅಂಗಡಿಸಾಲುಗಳೂ ಕಾಣಿಸಿದುವು. ಇದ್ದಲ್ಲಿಯೇ ಇಟ್ಟು ಅದರ ಕೆಳಗೆ ಕಟ್ಟಬೇಕೆಂದು ಒಂದು ಪಕ್ಷ, ತೆಗೆದು ಕೆಲಸ ಮುಗಿದ ಮೇಲೆ ಮತ್ತೆ ಜೋಡಿಸೋಣವೆಂದು ಇನ್ನೊಂದು ಪಕ್ಷ. ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ ತೆಗೆದು ಜೋಡಿಸುವ ಪಕ್ಷವೇ ಗೆದ್ದು, ೨೦೨೪ರ ನವೆಂಬರಿನಲ್ಲಿ ರೈಲು ಓಡಿತು. ಪ್ರಯಾಣಿಕರು ಆ ಬೀದಿಯನ್ನು ನಿಲ್ದಾಣದೊಳಗೇ ನೋಡಬಹುದು. ರೋಮ್ ನಗರದಲ್ಲಿ ೨೦೧೮ರಲ್ಲಿ ತೆರೆದ ಸಾನ್ ಜೊವಾನ್ನಿ ನಿಲ್ದಾಣದಲ್ಲಿ, ಅಗೆಯುವಾಗ ದೊರೆತ ವಸ್ತುಗಳನ್ನು ಅಲ್ಲಿಯೇ ಪ್ರದರ್ಶಿಸಿ, ಇಳಿದಂತೆಲ್ಲ ಯಾವ ಆಳದಲ್ಲಿ ಯಾವ ಯುಗವೆಂಬುದನ್ನು ಗೋಡೆಗಳ ಮೇಲೆ ಕಾಣಿಸಿರುವರು. ಅಲ್ಲಿ ನಿಕ್ಷೇಪವನ್ನು ತೆರೆದವರು ಅದರ ಲೆಕ್ಕವನ್ನು ಎಲ್ಲರ ಮುಂದೆಯೂ ಇಟ್ಟಂತಾಯಿತು.

ನಮ್ಮಲ್ಲಿಯ ಎರಡು ಸ್ಥಾನಾಂತರಗಳನ್ನು ಈ ದೃಷ್ಟಿಯಿಂದ ಹೋಲಿಸಿ ನೋಡತಕ್ಕದ್ದು. ಕನ್ನಂಬಾಡಿಯ ವೇಣುಗೋಪಾಲನ ಗುಡಿಯನ್ನು ಈ ಶತಮಾನದ ಆರಂಭದ ವರ್ಷಗಳಲ್ಲಿ ಖೋಡೆ ಪ್ರತಿಷ್ಠಾನದವರು ನೀರಿನಿಂದ ಬಿಡಿಸಿ, ಪಾಂಡವಪುರ ತಾಲ್ಲೂಕಿನ ಹೊಸಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿಸಿದರು. ದೇವಾಲಯದ ಮಟ್ಟಿಗೆ ಇದಕ್ಕೆ ಶಾಸ್ತ್ರದಲ್ಲಿ ಅವಕಾಶವುಂಟು. ಜೀರ್ಣೋದ್ಧಾರದಲ್ಲಿ ದೇವರ ಸಾನ್ನಿಧ್ಯವನ್ನು ಕಳಾಕರ್ಷಣದಿಂದ ಕುಂಭಕ್ಕೆ ಬರಮಾಡಿ, ಬಾಲಾಲಯದಲ್ಲಿರಿಸಿ, ಅನಂತರ ಪುನಃಪ್ರತಿಷ್ಠೆ ಮಾಡುವರು; ಸಾನ್ನಿಧ್ಯವು ಮಂತ್ರದಿಂದ ಬರತಕ್ಕದ್ದು, ಆದುದರಿಂದ ಸಾಗಬಲ್ಲುದು. ಮದ್ದಿನ ಮನೆಗೆ ಅಂತಹ ಕುಂಭವಿಲ್ಲ. ಅದು ಕೋಟೆಯ ಯಾವ ಮಗ್ಗುಲಿನಲ್ಲಿತ್ತು, ಗೋಡೆಯಿಂದ ಎಷ್ಟು ದೂರವಿತ್ತು, ಬೆಂಕಿಯೂ ಶತ್ರುವಿನ ಗುಂಡೂ ತಗುಲದಂತೆ ನೆಲದೊಳಗೆ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದರಲ್ಲಿಯೇ ಅದರ ಅರ್ಥವಿತ್ತು. ಇಟ್ಟಿಗೆಗಳು ಬದುಕಿದುವು, ಆ ಸಂಬಂಧವು ಕಡಿಯಿತು. ಹೀಗಿದ್ದರೂ ಜನರ ಪ್ರಯಾಣವು ಸಣ್ಣ ಕಾರ್ಯವಲ್ಲವಾಗಿ, ಕೆಡವುವುದಕ್ಕಿಂತ ಸಾಗಿಸಿದ್ದೇ ಮೇಲೆಂದು ಒಪ್ಪತಕ್ಕದ್ದು. ಒಪ್ಪುವಾಗ ಅದನ್ನು ವಿಜಯವೆಂದು ಕರೆಯದೆ ಋಣವೆಂದು ಬರೆದಿಡತಕ್ಕದ್ದು. ಮೊದಲು ಇದ್ದ ಸ್ಥಳ ಯಾವುದೆಂದು ಹೇಳುವ ಕಲ್ಲೊಂದು ಅಲ್ಲಿರಬೇಕು. ಪಟ್ಟಣದಲ್ಲಿ ಉಳಿದಿರುವ ಇತರ ಮದ್ದಿನ ಮನೆಗಳನ್ನು ಇದ್ದಲ್ಲಿಯೇ ನೋಡಿಕೊಳ್ಳಬೇಕು. ದಾರಿಗೆ ಅಡ್ಡವಾದ ಒಂದಕ್ಕೆ ಕೋಟಿಗಟ್ಟಲೆ ಹಣವನ್ನು ಸುರಿದು, ಅಡ್ಡವಾಗದವುಗಳನ್ನು ಮುಳ್ಳುಪೊದೆಗೆ ಬಿಡುವುದಾದರೆ, ನಾವು ಗೌರವಿಸಿದುದು ನಮ್ಮ ದಾರಿಯನ್ನೆಂದು ತಾತ್ಪರ್ಯವಾಗುವುದು.

ಇನ್ನೊಂದು ಅಂಶವನ್ನು ಮರೆಯಲಾಗದು. ನೆಲವು ಒಂದೇ ಶರೀರ. ಒಂದು ಕಡೆಯ ಪೆಟ್ಟು ಇನ್ನೊಂದು ಕಡೆಗೆ ಮುಟ್ಟುವುದು. ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದ ಕಲ್ಲುಗಣಿಗಳ ಸಿಡಿತದಿಂದ ಕೃಷ್ಣರಾಜಸಾಗರದ ಕಟ್ಟೆಗೆ ಅಪಾಯವುಂಟೆಂದು ಬಹುಕಾಲ ವಿವಾದ ನಡೆದು, ೨೦೨೪ರ ಜನವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಕಟ್ಟೆಯ ಸುತ್ತ ೨೦ ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು ತಡೆಯಿತು. ಕಟ್ಟೆಯ ವಿಷಯದಲ್ಲಿ ಒಪ್ಪಿದ ಈ ನ್ಯಾಯವು ಗಾರೆಯ ಗೋಡೆಗಳಿಗೂ ಸಲ್ಲತಕ್ಕದ್ದು. ೨೦೧೦ರ ಕೇಂದ್ರದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದಿಂದ ೧೦೦ ಮೀಟರಿನವರೆಗೆ ನಿಷಿದ್ಧ ಪ್ರದೇಶ, ಅದರಾಚೆ ೨೦೦ ಮೀಟರು ನಿಯಂತ್ರಿತ ಪ್ರದೇಶ. ಈ ಗಡಿಯು ನೆಲದ ಮೇಲೆ ಅಳೆದದ್ದು. ಕೆಳಗೆ ಹರಿಯುವ ಕಂಪನಕ್ಕೂ ನೀರಿಗೂ ಆ ಗಡಿಯು ಕಾಣದು. ವಿವೇಕವು ಕಾಯಿದೆಗಿಂತ ಒಂದಷ್ಟು ಮುಂದೆಯೇ ನಿಲ್ಲಬೇಕಾಗುವುದು.

ಕೊನೆಯದಾಗಿ ಮನೆವಂದಿಗರಾದ ವಾಚಕರಲ್ಲಿ ಒಂದು ಮಾತು. ದೊಡ್ಡ ಸುರಂಗಗಳನ್ನು ಸರ್ಕಾರವು ತೋಡುವುದು. ಸಣ್ಣ ಗುಂಡಿಗಳನ್ನು ನಾವು ತೋಡುವೆವು. ಕಿಕ್ಕೇರಿಯಲ್ಲಾಗಲಿ, ತೊಣ್ಣೂರಿನಲ್ಲಾಗಲಿ, ಕಂಬದಹಳ್ಳಿಯಲ್ಲಾಗಲಿ ಪಾಯ ತೋಡುವಾಗ ಕೆತ್ತಿದ ಕಲ್ಲೊಂದು ಕಂಡರೆ ಗೃಹಸ್ಥನಿಗೆ ಮೊದಲು ಬರುವ ಭಾವನೆ ಭಯ: ತಿಳಿಸಿದರೆ ನಿವೇಶನವು ಕೈಬಿಟ್ಟೀತು, ಕೆಲಸ ನಿಂತೀತು. ಆದುದರಿಂದ ಕಲ್ಲು ರಾತ್ರಿಯಲ್ಲೇ ಒಡೆದು ಪಾಯಕ್ಕೆ ಸೇರಲೂಬಹುದು. ಈ ಭಯಕ್ಕೆ ಕಾರಣವಿಲ್ಲವೆನ್ನಲಾಗದು. ನಿಧಿಯನ್ನು ಕಂಡವನು ರಾಜನಿಗೆ ತಿಳಿಸಬೇಕೆಂದು ವಿಧಿಸಿದ ಸ್ಮೃತಿಕಾರರು ಕಂಡವನಿಗೂ ಒಂದು ಪಾಲನ್ನು ಹೇಳಿದರು. ನಿಕ್ಷೇಪಗಳನ್ನು ಕುರಿತ ೧೮೭೮ರ ಕಾಯಿದೆಯಲ್ಲಿಯೂ, ಹತ್ತು ರೂಪಾಯಿಗೆ ಮೇಲ್ಪಟ್ಟುದು ದೊರೆತರೆ ಜಿಲ್ಲಾಧಿಕಾರಿಗೆ ತಿಳಿಸತಕ್ಕದ್ದೆಂದು ವಿಧಿಸಿ, ಕಂಡವನ ಹಕ್ಕನ್ನೂ ಗಣಿಸಿದರು. ಉಪನಿಧಿಯ ಫಲವು ಎಲ್ಲರಿಗೂ ಸೇರತಕ್ಕದ್ದಾದರೆ ಅದನ್ನು ಕಾಯುವ ಕಷ್ಟವು ಒಬ್ಬ ಬಡ ಗೃಹಸ್ಥನ ತಲೆಯ ಮೇಲೆ ಬೀಳಬಾರದು. ಅವನ ಕೆಲಸ ನಿಂತ ದಿನಗಳಿಗೆ, ಬಿಟ್ಟುಕೊಟ್ಟ ಅಂಗುಲಗಳಿಗೆ ಊರೂ ಸರ್ಕಾರವೂ ಪರಿಹಾರ ಕೊಡಬೇಕು. ಹಾಗಾದ ದಿನ ಗೃಹಸ್ಥನು ಕಲ್ಲನ್ನು ಬಚ್ಚಿಡಲಾರನು; ಹಾರೆಯನ್ನು ಪಕ್ಕಕ್ಕಿಟ್ಟು ನೆರೆಯವರನ್ನು ಕರೆದು ತೋರಿಸುವನು.