ನದೀಮೂಲ, ರೋಗಮೂಲ

ಋಷಿಮೂಲ, ನದೀಮೂಲ ಹುಡುಕಬಾರದು ಎಂಬ ಮಾತು ನಮ್ಮಲ್ಲಿದೆ. ವಯನಾಡಿನ ಕಡೆಯಿಂದ ಹರಿದು ಬರುವ ಕಪಿಲೆ ನಂಜನಗೂಡನ್ನು ದಾಟಿ ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿ ಕಣ್ಣಿಗೆ ಕಾಣುವುದು ಎರಡೇ ನದಿ. ಆದರೂ ಸ್ಫಟಿಕ ಸರೋವರವೆಂಬ ಮೂರನೆಯದು ಗುಪ್ತವಾಗಿ ಕೂಡುತ್ತದೆಂದು ನಂಬಿ ಜನ ಅದನ್ನು ತ್ರಿವೇಣಿ ಸಂಗಮವೆಂದು ಕರೆಯುತ್ತಾರೆ. ಕಾಣದ ಮೂಲದ ಜತೆ ನೆಮ್ಮದಿಯಿಂದ ಬಾಳುವುದು ಈ ಸೀಮೆಯ ಜನರಿಗೆ ಹೊಸದಲ್ಲ. ಆದರೆ ಮನೆಗೆ ಕಾಯಿಲೆ ಬಂದಾಗ ಈ ನೆಮ್ಮದಿ ಎಲ್ಲಿಗೆ ಹೋಗುತ್ತದೆ?

ಕತ್ತಿನಲ್ಲಿ ನೋವಿಲ್ಲದ ಗಂಟೊಂದು ಕಾಣಿಸಿಕೊಳ್ಳುತ್ತದೆ ಎಂದುಕೊಳ್ಳೋಣ. ಸೂಜಿ ಹಾಕಿ ಪರೀಕ್ಷಿಸಿದಾಗ, ಅದು ಬೇರೆಲ್ಲಿಂದಲೋ ಹೊರಟು ಕತ್ತಿನ ದುಗ್ಧಗ್ರಂಥಿಯಲ್ಲಿ ತಂಗಿರುವ ಕ್ಯಾನ್ಸರ್ ಎಂದು ತಿಳಿಯುತ್ತದೆ. ವೈದ್ಯರು ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಹಿಂಬದಿಯನ್ನೆಲ್ಲ ಜಾಲಾಡುತ್ತಾರೆ. ಸ್ಕ್ಯಾನ್ ಮಾಡಿಸುತ್ತಾರೆ. ಟಾನ್ಸಿಲ್‌ನಲ್ಲೋ ನಾಲಿಗೆಯ ಬುಡದಲ್ಲೋ ಅದು ಕಾಳಿನಷ್ಟು ಚಿಕ್ಕದಾಗಿ ಅಡಗಿರುವುದುಂಟು. ಗಂಟು ಕತ್ತಿನ ಬುಡದಲ್ಲಿದ್ದರೆ ಶ್ವಾಸಕೋಶ, ಜಠರಗಳ ಕಡೆಗೂ ನೋಡಬೇಕಾಗುತ್ತದೆ. ಕೆಲವರಲ್ಲಿ ಎಷ್ಟು ಹುಡುಕಿದರೂ ಮೂಲ ಸಿಗುವುದೇ ಇಲ್ಲ. ಆಗ ವೈದ್ಯರು 'ಮೂಲ ತಿಳಿಯದ ಕ್ಯಾನ್ಸರ್' ಎಂದು ಬರೆದು ಚಿಕಿತ್ಸೆ ಶುರುಮಾಡುತ್ತಾರೆ.

ಆಸ್ಪತ್ರೆಯಲ್ಲಿ ಸಿಗದ ಮೂಲ ಮನೆಯಲ್ಲಿ ಮಾತ್ರ ಥಟ್ಟನೆ ಸಿಕ್ಕಿಬಿಡುತ್ತದೆ! ಕಡ್ಡಿಪುಡಿ ಹಾಕುತ್ತಿದ್ದನಲ್ಲ ಎಂದು ಒಬ್ಬರು. ಯಾರದೋ ನಜರ್ ತಾಗಿದೆ ಎಂದು ಇನ್ನೊಬ್ಬರು. ಹೊಸದಾಗಿ ಬಂದ ಸೊಸೆಯ ಕಾಲ್ಗುಣ ಎಂದು ಮತ್ತೊಬ್ಬರು. ಎಲೆಯಡಿಕೆಯನ್ನೇ ಮುಟ್ಟದ ಹೆಂಗಸಾದರೆ ಯಾವುದೋ ಹಳೆಯ ಪಾಪ. ಇಂತಹ ಗಂಟಿಗೆ ಉರ್ದುವಿನಲ್ಲಿ 'ಗಿಲ್ಟಿ' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದೇ ಉಚ್ಚಾರದ ಪದಕ್ಕೆ ಅಪರಾಧಿ ಎಂದರ್ಥ. ಎರಡು ಪದಗಳಿಗೂ ಯಾವ ನಂಟೂ ಇಲ್ಲ. ಆದರೆ ನಂಟು ಕಟ್ಟುವ ಕೆಲಸವನ್ನು ರೋಗಿಯ ಸುತ್ತ ಕುಳಿತವರು ಮಾಡುತ್ತಾರೆ.

ವೈದ್ಯರೂ ಮೂಲವನ್ನು ಹುಡುಕುತ್ತಾರೆ, ನೆಂಟರೂ ಹುಡುಕುತ್ತಾರೆ. ವ್ಯತ್ಯಾಸವಿರುವುದು ಉದ್ದೇಶದಲ್ಲಿ. ಮೂಲ ಸಿಕ್ಕರೆ ವಿಕಿರಣವನ್ನು ಆ ಜಾಗಕ್ಕೆ ಗುರಿಯಿಡಬಹುದು, ಉಳಿದ ಅಂಗಗಳನ್ನು ಕಾಪಾಡಬಹುದು ಎಂಬುದು ವೈದ್ಯರ ಲೆಕ್ಕ. ಮೂಲ ಸಿಕ್ಕರೆ ಹೊಣೆಯನ್ನು ಒಬ್ಬರ ತಲೆಗೆ ಕಟ್ಟಿ ನಾವು ಹಗುರವಾಗಬಹುದು ಎಂಬುದು ಉಳಿದವರ ಲೆಕ್ಕ. ಎಲ್ಲ ಪರೀಕ್ಷೆಗಳನ್ನೂ ಮಾಡಿ 'ಗೊತ್ತಿಲ್ಲ' ಎನ್ನುವುದು ಪ್ರಾಮಾಣಿಕತೆ. ಏನನ್ನೂ ಪರೀಕ್ಷಿಸದೆ 'ಗೊತ್ತು' ಎನ್ನುವುದು ಅನ್ಯಾಯ. ನಮ್ಮ ಉಲೇಮಾಗಳು ಫತ್ವಾದ ಕೊನೆಯಲ್ಲಿ 'ವಲ್ಲಾಹು ಆಲಂ', ಅಂದರೆ ಅಲ್ಲಾಹನೇ ಬಲ್ಲ, ಎಂದು ಬರೆಯುತ್ತಾರೆ. ಜೀವನವಿಡೀ ಓದಿದವರಿಗೆ ಇರುವ ಈ ವಿನಯ ರೋಗಿಯ ಮಂಚದ ಬಳಿ ಕೂರುವವರಿಗೆ ಬೇಡವೆ?

ತಂಬಾಕು ನಿರಪರಾಧಿ ಎಂದು ಇದರರ್ಥವಲ್ಲ. ಬಾಯಿ, ಗಂಟಲ ಕ್ಯಾನ್ಸರಿಗೆ ಅದು ದೊಡ್ಡ ಕಾರಣವೆಂಬುದು ಸಾಬೀತಾದ ಸತ್ಯ. ಆ ಮಾತನ್ನು ಆರೋಗ್ಯವಾಗಿರುವ ಯುವಕರಿಗೆ ಹೇಳಬೇಕು. ಮಲಗಿದವನ ಮುಂದೆ ಅದೇ ಸತ್ಯ ಬರೀ ಚುಚ್ಚುಮಾತಾಗುತ್ತದೆ.

ಈ ಆರೋಪದ ಭಯಕ್ಕೆ ಇನ್ನೊಂದು ಮುಖವಿದೆ. ಮದುವೆಯಾಗದ ಹುಡುಗಿಯ ಕತ್ತಿನ ಗಂಟು ತಿಂಗಳುಗಟ್ಟಲೆ ದುಪಟ್ಟಾದ ಮರೆಯಲ್ಲೋ ಸೆರಗಿನ ಮರೆಯಲ್ಲೋ ಉಳಿಯುತ್ತದೆ. ನಮ್ಮ ದೇಶದಲ್ಲಿ ಅಂತಹ ಗಂಟು ಕ್ಷಯದಿಂದ ಬಂದಿರುವುದೂ ಸಾಮಾನ್ಯ. ಅದು ಮಾತ್ರೆಗಳಿಂದ ವಾಸಿಯಾಗುತ್ತದೆ. ಎರಡು ಮೂರು ವಾರ ಕಳೆದರೂ ಕರಗದ ಗಂಟನ್ನು ವೈದ್ಯರಿಗೆ ತೋರಿಸಲೇಬೇಕು. ಸೂಜಿ ಪರೀಕ್ಷೆಯಿಲ್ಲದೆ ಅವಸರದಲ್ಲಿ ಕೊಯ್ಸಿ ಹಾಕಿಸಲೂಬಾರದು. ಕ್ಯಾನ್ಸರ್ ಕತ್ತಿನ ಗ್ರಂಥಿಗಳಿಗಷ್ಟೇ ಸೀಮಿತವಾಗಿದ್ದರೆ, ಮೂಲ ಸಿಗದಿದ್ದರೂ ಶಸ್ತ್ರಚಿಕಿತ್ಸೆ ಮತ್ತು ವಿಕಿರಣದಿಂದ ಗುಣವಾದವರಿದ್ದಾರೆ.

ನಂಜನಗೂಡಿನ ದೇವರಿಗೆ ಟಿಪ್ಪು ಸುಲ್ತಾನ್ 'ಹಕೀಮ ನಂಜುಂಡ' ಎಂದು ಹೆಸರಿಟ್ಟನೆಂಬ ಪ್ರತೀತಿಯಿದೆ. ತನ್ನ ಆನೆಯ ಕಣ್ಣು ವಾಸಿಯಾಯಿತೆಂಬ ಕೃತಜ್ಞತೆಯಿಂದ ಪಚ್ಚೆಲಿಂಗವನ್ನು ಅರ್ಪಿಸಿದನಂತೆ. ವಾಸಿಯಾಗುವುದು ಮುಖ್ಯವಾದಾಗ ಹಕೀಮನ ಕುಲಮೂಲವನ್ನು ಅವನು ಕೇಳಲಿಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕ್ಯಾನ್ಸರ್ ಆಸ್ಪತ್ರೆಗೆ ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿದೆ. ಅಲ್ಲಿನ ಸಾಲಿನಲ್ಲಿ ನಿಂತವರೂ ಕೇಳುವುದಿಲ್ಲ.

ರೋಗಿಯನ್ನು ಕಾಣಲು ಹೋಗುವುದಕ್ಕೆ ಉರ್ದುವಿನಲ್ಲಿ ಅಯಾದತ್ ಎನ್ನುತ್ತೇವೆ, ಕನ್ನಡದಲ್ಲಿ ಕ್ಷೇಮ ವಿಚಾರಣೆ. ಅದರಿಂದ ಕ್ಷೇಮ ಹೋಗಿ ವಿಚಾರಣೆಯಷ್ಟೇ ಉಳಿಯಬಾರದು. ವಿಕಿರಣ ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6-7 ವಾರ. ನರಸೀಪುರದ ಕೂಲಿಯವನಿಗೆ ಅಷ್ಟು ದಿನ ಮೈಸೂರಿಗೆ ಓಡಾಡುವುದೆಂದರೆ ಅಷ್ಟು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಜತೆಗೆ ಹೋಗುವವರ ಕೂಲಿಯೂ ಹೋಯಿತು. 'ಇದು ಹೇಗೆ ಬಂತು' ಎಂದು ಕೇಳುವ ಬಾಯಿ, 'ನಾಳೆ ಎಷ್ಟು ಗಂಟೆಯ ಬಸ್ಸು, ಜತೆಗೆ ನಾನು ಬರಲೆ' ಎಂದು ಕೇಳಿದರೆ ಸಾಕು.