ಎತ್ತಿಡುವ ಎಚ್ಚರ

ಶೌಚ, ಅಪರಿಗ್ರಹ ಎಂಬ ಎರಡು ಗುಣಗಳನ್ನು ನಮ್ಮ ಪ್ರಾಚೀನರು ಒಂದರ ಪಕ್ಕದಲ್ಲೊಂದಾಗಿ ಇರಿಸಿದ್ದಾರೆ. ಪತಂಜಲಿಯು ಐದು ಯಮಗಳಲ್ಲಿ ಕಡೆಯದಾಗಿ ಅಪರಿಗ್ರಹವನ್ನೂ ಐದು ನಿಯಮಗಳಲ್ಲಿ ಮೊದಲನೆಯದಾಗಿ ಶೌಚವನ್ನೂ ಎಣಿಸಿರುವುದರಿಂದ, ಯೋಗಸೂತ್ರದ ಎರಡನೆಯ ಪಾದದಲ್ಲಿ ಇವೆರಡರ ಫಲವನ್ನು ಹೇಳುವ ಸೂತ್ರಗಳು ಬೆನ್ನುಬೆನ್ನಿಗೆ ಬಂದಿವೆ. ಆದರೆ ಗ್ರಂಥದಲ್ಲಿರುವ ಈ ಸಾಮೀಪ್ಯವು ಬಾಳಿನಲ್ಲಿ ಅಷ್ಟು ಸುಲಭವಾಗಿ ಉಳಿಯುವುದಿಲ್ಲ. ಶುಚಿಯಾಗಿರಬೇಕೆನ್ನುವವನಿಗೆ ನೀರು ಬೇಕು. ನೀರಿಗೆ ಪಾತ್ರೆ ಬೇಕು. ಮೈಗೆ ಸಾಬೂನು, ಹಲ್ಲಿಗೆ ಕುಂಚ, ತಲೆಗೆ ಎಣ್ಣೆ, ಒರೆಸಿಕೊಳ್ಳಲು ವಸ್ತ್ರ, ಆ ವಸ್ತ್ರ ಒಣಗಲು ಹಗ್ಗ, ಇವೆಲ್ಲ ಒಂದನ್ನೊಂದು ಕೈಹಿಡಿದು ಒಳಗೆ ಬರುತ್ತವೆ. ಏನನ್ನೂ ಇಟ್ಟುಕೊಳ್ಳಬಾರದೆಂಬ ವ್ರತವಾದರೋ ಇವುಗಳಲ್ಲಿ ಒಂದೊಂದರ ಮುಂದೆಯೂ ನಿಂತು, ನೀನು ಏತಕ್ಕೆ ಬಂದೆ ಎಂದು ಕೇಳುತ್ತದೆ. ವಿಶಾಲವಾದ ಮನೆಯಲ್ಲಿ ಈ ವಿವಾದ ಕಿವಿಗೆ ಬೀಳದು; ಬಚ್ಚಲುಮನೆಯ ಗೂಡಿನಲ್ಲಿ ಹಿಡಿಸದ್ದು ಅಟ್ಟಕ್ಕೆ ಏರುತ್ತದೆ, ಅಟ್ಟದಲ್ಲಿ ಹಿಡಿಸದ್ದು ಮಂಚದ ಕೆಳಗೆ ಸೇರುತ್ತದೆ. ಮನೆಗೇ ಚಕ್ರಗಳನ್ನು ಜೋಡಿಸಿ ಹೊರಟಾಗ ಮಾತ್ರ ಅದು ಮರೆಯಾಗಿ ಉಳಿಯಲಾರದು.

ಆರ್.ಟಿ. ನಗರದಲ್ಲಿ ನೆಲೆಸಿರುವ ನನ್ನ ಮಿತ್ರರೊಬ್ಬರು ದಿಗಂಬರ ಜೈನ ಮನೆತನದವರು. ವೃತ್ತಿಯಿಂದ ನಿವೃತ್ತರಾದ ಮೇಲೆ, ವಯೋವೃದ್ಧರಾದ ತಾಯಿಯವರಿಗೆ ಬೆಳಗೊಳ, ಧರ್ಮಸ್ಥಳ, 1604ರಲ್ಲಿ ಬಾಹುಬಲಿಯ ಪ್ರತಿಷ್ಠೆಯಾದ ವೇಣೂರು, 1432ರಲ್ಲಿ ಪ್ರತಿಷ್ಠೆಯಾದ ಕಾರ್ಕಳ, ಈ ನಾಲ್ಕೆಡೆಗಳ ಬಾಹುಬಲಿಯ ದರ್ಶನವನ್ನು ಒಂದೇ ಯಾತ್ರೆಯಲ್ಲಿ ಮಾಡಿಸಬೇಕೆಂದು ಸಂಕಲ್ಪಿಸಿದರು. ಅಪರಿಚಿತವಾದ ವಸತಿಗೃಹಗಳ ಶೌಚಾಲಯವನ್ನು ಬಳಸುವುದು ಆ ತಾಯಿಗೆ ದುಸ್ಸಾಧ್ಯವಾದುದರಿಂದ, ಕಾರಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆದೊಯ್ಯುವ ಚಿಕ್ಕದೊಂದು ಕ್ಯಾರವಾನನ್ನು ಯಲಹಂಕದ ಆಚೆ ದೊಡ್ಡಬಳ್ಳಾಪುರದ ರಸ್ತೆಯ ಒಂದು ಕಾರ್ಖಾನೆಯಲ್ಲಿ ಕಟ್ಟಿಸತೊಡಗಿದರು. ಅದರ ಸ್ನಾನದ ಕೋಣೆ ಮೂರಡಿ ಅಗಲ, ನಾಲ್ಕಡಿ ಉದ್ದ. ಕಮೋಡು, ಕೈತೊಳೆಯುವ ಬೇಸಿನ್ನು, ತಲೆಯ ಮೇಲಿನ ನೀರಿನ ಜಾಲರಿ ಮೂರೂ ಅದರೊಳಗೇ ಇರತಕ್ಕವು. ಇಲ್ಲಿ ಏನನ್ನು ಎಲ್ಲಿಡಬೇಕೆಂದು ಅವರು ನನ್ನನ್ನು ಕೇಳಿದರು. ಕೇಳಿದ್ದು ಬಡಗಿಯ ಪ್ರಶ್ನೆಯಂತೆ ತೋರಿದರೂ, ಅದರಲ್ಲಿ ಅವರ ಮತದ ಅತಿ ಸೂಕ್ಷ್ಮವಾದ ಒಂದು ಪ್ರಶ್ನೆ ಸೇರಿಕೊಂಡಿದೆಯೆಂಬುದು ಇಬ್ಬರಿಗೂ ಬೇಗನೆ ಗೋಚರವಾಯಿತು.

ಮೊದಲು ಗಾಡಿಯ ನಿಯಮಗಳನ್ನು ಹೇಳಬೇಕು, ಏಕೆಂದರೆ ಅವು ಯಾರ ಅಭಿಪ್ರಾಯವನ್ನೂ ಕೇಳುವುದಿಲ್ಲ. ಒಂದು ಲೀಟರು ನೀರು ಒಂದು ಕಿಲೋಗ್ರಾಂ ತೂಗುವುದರಿಂದ ನೂರು ಲೀಟರಿನ ತೊಟ್ಟಿಯೆಂದರೆ ಇಬ್ಬರು ಸಣಕಲು ಆಳುಗಳನ್ನು ಸದಾ ಹೊತ್ತು ತಿರುಗಿದಂತೆ. ಭಾರವಾದುದು ಅಚ್ಚಿನಿಂದ ಹಿಂದಕ್ಕೆ ಸೇರಿದಷ್ಟೂ ಮುಂದಿನ ಕೊಕ್ಕೆಯ ಮೇಲಿನ ಒತ್ತು ಕಡಮೆಯಾಗಿ, ವೇಗದಲ್ಲಿ ಗಾಡಿ ಅತ್ತಿತ್ತ ಓಲಾಡತೊಡಗುತ್ತದೆ. ಸ್ನಾನದ ಕೋಣೆ ಸಾಮಾನ್ಯವಾಗಿ ಹಿಂಭಾಗದಲ್ಲಿರುವುದರಿಂದ ಅಲ್ಲಿಯ ಕಪಾಟನ್ನು ತುಂಬುವುದೆಂದರೆ ಅಪಾಯವನ್ನು ತುಂಬುವುದೇ ಸರಿ. ಭಾರದ ವಸ್ತು ತಳದಲ್ಲಿ, ಹಗುರವಾದದ್ದು ಮೇಲೆ, ಕದಗಳಿಗೆಲ್ಲ ಚಿಲಕ, ಒದ್ದೆಯಾಗುವುದಕ್ಕೆ ಪೆಟ್ಟಿಗೆಗಿಂತ ಬಲೆಯ ಚೀಲ. ಕಡಲತೀರದ ಊರಿನಲ್ಲಿ ಬಿಗಿಯಾಗಿ ಮುಚ್ಚಿದ ಎಣ್ಣೆಯ ಸೀಸೆಯು ಶಿರಾಡಿ ಘಾಟಿಯನ್ನು ಏರಿ ಮೂರು ಸಾವಿರ ಅಡಿಯ ಎತ್ತರದಲ್ಲಿರುವ ನಮ್ಮ ಬೆಂಗಳೂರಿಗೆ ಬರುವ ಹೊತ್ತಿಗೆ, ಹೊರಗಿನ ಗಾಳಿಯ ಒತ್ತಡ ತಗ್ಗಿದ ಕಾರಣ ಉಬ್ಬಿಕೊಂಡಿರುತ್ತದೆ, ಮುಚ್ಚಳ ತಿರುವಿದೊಡನೆ ಚಿಮ್ಮುತ್ತದೆ. ಇಂಥವು ಕಾರ್ಖಾನೆಯವರಿಗೆ ಚೆನ್ನಾಗಿ ತಿಳಿದಿದ್ದವು.

ಅವರಿಗೆ ತಿಳಿಯದಿದ್ದದ್ದು, ಇಷ್ಟು ವಸ್ತು ಇರತಕ್ಕದ್ದೇ ಎಂಬುದು. ಅದಕ್ಕೆ ಉತ್ತರ ಹುಡುಕುತ್ತ ನಾವು ಹೋದದ್ದು ಬೆಳಗೊಳದ ಬೆಟ್ಟದ ಕಡೆಗೆ. ಈಗ ಯಶವಂತಪುರದಿಂದ ಹಾಸನಕ್ಕೆ ಹೋಗುವ ರೈಲು ಶ್ರವಣಬೆಳಗೊಳದ ಮೇಲೆಯೇ ಸಾಗುತ್ತದೆ. ಅದೇ ಯಶವಂತಪುರದಲ್ಲಿ 2008ರಲ್ಲಿ ಉದ್ಘಾಟನೆಗೊಂಡ ಗೋಲ್ಡನ್ ಚಾರಿಯಟ್ ಎಂಬ ವೈಭವದ ರೈಲಿನಲ್ಲಿ ಆರಂಭದಲ್ಲಿ 44 ಕೋಣೆಗಳಿದ್ದವು, ಪ್ರತಿಯೊಂದಕ್ಕೂ ಬೇರೆ ಸ್ನಾನಗೃಹ. ಆ ರೈಲಿನ ಬೋಗಿಗಳಿಗೆ ನಮ್ಮ ನಾಡನ್ನಾಳಿದ ರಾಜವಂಶಗಳ ಹೆಸರನ್ನು ಇಟ್ಟಿರುವರಷ್ಟೆ. ಗಂಗ ಎಂಬ ಹೆಸರನ್ನು ಓದಿದಾಗ ನನಗೆ ನೆನಪಾಗುವವನು, ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟ ಮಾರಸಿಂಹ. ರಾಷ್ಟ್ರಕೂಟ ಎಂಬುದನ್ನು ಓದಿದಾಗ, 982ರಲ್ಲಿ ಬೆಳಗೊಳದಲ್ಲಿ ಹಾಗೆಯೇ ಮುಡಿಪಾದ ನಾಲ್ಕನೆಯ ಇಂದ್ರ. ಇವರಿಬ್ಬರ ಮರಣಗಳ ಆಸುಪಾಸಿನ ವರ್ಷಗಳಲ್ಲಿಯೇ ಗಂಗರ ಮಂತ್ರಿ ಚಾವುಂಡರಾಯನು, ನೂಲಿನ ಎಳೆಯನ್ನೂ ಧರಿಸದ ಆ ಮಹಾಮೂರ್ತಿಯನ್ನು ವಿಂಧ್ಯಗಿರಿಯ ಮೇಲೆ ಕಡೆಯಿಸಿದನು. ಎಲ್ಲವನ್ನೂ ಪಡೆದಿದ್ದವರು ಎಲ್ಲವನ್ನೂ ಬಿಡುವುದನ್ನು ಕಲಿತ ನಾಡು ಇದು. ಆದುದರಿಂದ ಎಷ್ಟನ್ನು ಇಟ್ಟುಕೊಳ್ಳಬೇಕೆಂಬುದನ್ನು ಇಲ್ಲಿ ಕೇಳುವುದು ಉಚಿತವೇ ಆಗಿದೆ.

ದಿಗಂಬರ ಮುನಿಯು ವಸ್ತ್ರವನ್ನು ಬಿಟ್ಟವನು. ಸ್ನಾನಮಾಡದಿರುವುದು, ದಂತಧಾವನ ಮಾಡದಿರುವುದು ಅವನ ಇಪ್ಪತ್ತೆಂಟು ಮೂಲಗುಣಗಳಲ್ಲಿಯೇ ಸೇರಿವೆ. ಹಾಗಿದ್ದೂ ಅವನ ಕೈಯಲ್ಲಿ ಮೂರು ವಸ್ತುಗಳಿರಬಹುದು. ಸಂಯಮಕ್ಕೆ ನವಿಲುಗರಿಯ ಪಿಂಛಿ, ಜ್ಞಾನಕ್ಕೆ ಶಾಸ್ತ್ರ, ಶೌಚಕ್ಕೆ ಕಮಂಡಲು. ಈ ಮೂರನೆಯದರ ವಿಷಯದಲ್ಲಿ ನಾನು ಬಹಳ ಯೋಚಿಸಿದ್ದೇನೆ. ಮರದಿಂದಲೋ ತೆಂಗಿನ ಚಿಪ್ಪಿನಿಂದಲೋ ಆದ, ತುಂಬಲು ಅಗಲವಾದ ಬಾಯಿಯೂ ಸುರಿಯಲು ಸಣ್ಣ ಕೊಳವಿಯೂ ಇರುವ ಆ ಪಾತ್ರೆಯಲ್ಲಿ ಶ್ರಾವಕರು ಕಾಯಿಸಿ ಆರಿಸಿದ ಪ್ರಾಸುಕ ಜಲವನ್ನು ಹಾಕಿಕೊಡುತ್ತಾರೆ; ಅದು ಕುಡಿಯಲಿಕ್ಕಲ್ಲ, ಮಲವಿಸರ್ಜನೆಯ ಅನಂತರದ ಶುದ್ಧಿಗೆ ಮತ್ತು ಕೈಕಾಲು ತೊಳೆಯಲಿಕ್ಕೆ ಮಾತ್ರ. ಸರ್ವಸಂಗಪರಿತ್ಯಾಗ ಮಾಡಿದವನ ಬಳಿಯಲ್ಲಿಯೂ ಶೌಚದ ಪಾತ್ರೆಯೊಂದು ಉಳಿಯಿತೆಂದರೆ, ಶೌಚಕ್ಕೆ ಅವಶ್ಯವಾದದ್ದು ಪರಿಗ್ರಹವೆನ್ನಿಸಿಕೊಳ್ಳದೆ ಉಪಕರಣವೆನ್ನಿಸಿಕೊಳ್ಳಬಹುದೆಂದು ಆಯಿತು. ಈ ಭೇದದ ಗಡಿಯೆಲ್ಲಿ?

ತತ್ತ್ವಾರ್ಥಸೂತ್ರವನ್ನು ರಚಿಸಿದ, ಬೆಳಗೊಳದ ಶಾಸನಗಳು ಗೃಧ್ರಪಿಂಛನೆಂದು ಕೊಂಡಾಡುವ ಉಮಾಸ್ವಾತಿಯು ಪರಿಗ್ರಹವನ್ನು ಮೂರ್ಛೆಯೆಂದು, ಅಂದರೆ ವಸ್ತುವಿನಲ್ಲಿ ಮೈಮರೆಯುವ ಮಮತೆಯೆಂದು ನಿರೂಪಿಸಿದ್ದಾನೆ. ಗೃಹಸ್ಥರು ಈ ನಿರೂಪಣೆಯನ್ನು ತಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳುವುದು ಸುಲಭ: ನನ್ನ ಕಪಾಟಿನಲ್ಲಿ ಇಪ್ಪತ್ತು ಸೀಸೆಗಳಿದ್ದರೂ ನನಗೆ ಅವುಗಳ ಮೇಲೆ ಮಮತೆಯಿಲ್ಲ, ಆದಕಾರಣ ನಾನು ಅಪರಿಗ್ರಹಿ, ಎಂದುಬಿಡಬಹುದು. ಕುಂದಕುಂದಾಚಾರ್ಯರು ಈ ಬಾಗಿಲನ್ನು ಮುಚ್ಚಿದ್ದಾರೆ. ನಡೆಯುವಾಗ ಅರಿಯದೆ ಜೀವಿಯೊಂದು ಸತ್ತರೆ ಕರ್ಮಬಂಧವಾಗಬಹುದು, ಆಗದೆಯೂ ಇರಬಹುದು, ಆದರೆ ಇಟ್ಟುಕೊಂಡ ವಸ್ತುವಿನಿಂದ ಬಂಧವು ನಿಶ್ಚಯ ಎಂದು ಪ್ರವಚನಸಾರದ ಅಭಿಪ್ರಾಯ. ಇದು ಮೊದಲು ಕಠೋರವೆನ್ನಿಸುತ್ತದೆ, ಯೋಚಿಸಿದಷ್ಟೂ ನಿಜವೆನ್ನಿಸುತ್ತದೆ. ಹಿಂಸೆ ಆಕಸ್ಮಿಕವಾಗಿ ಆದೀತು, ಆದರೆ ಒಂದು ವಸ್ತುವನ್ನು ಆಕಸ್ಮಿಕವಾಗಿ ಮೂರು ವರ್ಷ ಇಟ್ಟುಕೊಂಡೆನೆಂದು ಯಾರೂ ಹೇಳಲಾರರು.

ಗೃಹಸ್ಥನಿಗೆ ದಾರಿ ತೋರಿದವರು ಸಮಂತಭದ್ರಾಚಾರ್ಯರು. ಒಮ್ಮೆ ಅನುಭವಿಸಿ ಬಿಡಬೇಕಾದದ್ದನ್ನು ಭೋಗವೆಂದೂ ಮತ್ತೆ ಮತ್ತೆ ಬಳಸತಕ್ಕದ್ದನ್ನು ಉಪಭೋಗವೆಂದೂ ವಿಂಗಡಿಸಿ, ಅವೆರಡಕ್ಕೂ ಮಿತಿಯನ್ನು ಕಟ್ಟಿಕೊಳ್ಳಬೇಕೆಂದು ಅವರ ರತ್ನಕರಂಡಕವು ಶ್ರಾವಕನಿಗೆ ಹೇಳುತ್ತದೆ. ಅಲ್ಲಿ ಮಿತಿಗೊಳಪಡಿಸಬೇಕಾದುವನ್ನು ಎಣಿಸುವಾಗ ವಾಹನ, ಶಯನ, ಸ್ನಾನ ಮೂರನ್ನೂ ಒಟ್ಟಿಗೆ ಹೇಳಿರುವುದನ್ನು ನನ್ನ ಮಿತ್ರರು ತೋರಿಸಿದಾಗ ನಾನು ಬೆರಗಾದೆ, ಏಕೆಂದರೆ ಈ ಮೂರೂ ಒಂದಾಗಿ ಕೂಡಿದ್ದೇ ಅವರ ಕ್ಯಾರವಾನು. ಇನ್ನೂ ಮನೋಹರವಾದದ್ದು ಆಚಾರ್ಯರ ಕಾಲದ ಅಳತೆ. ಇಂದು, ಈ ಹಗಲು, ಈ ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಹೀಗೆ ಅವಧಿಯನ್ನು ಗೊತ್ತುಮಾಡಿಕೊಂಡು ಬಿಡಬಹುದೆಂಬ ಔದಾರ್ಯ ಅವರದು. ಯಾತ್ರೆಯು ತಾನಾಗಿಯೇ ಅಂಥದೊಂದು ಅವಧಿ. ಆ ಪಕ್ಷದ ಮಟ್ಟಿಗೆ ಸುಗಂಧದ್ರವ್ಯಗಳು ಬೇಡವೆಂದು ಮಿತ್ರರ ಪತ್ನಿಯವರು ತಾವಾಗಿಯೇ ನಿಶ್ಚಯಿಸಿದರು. ಸಾಬೂನೊಂದು, ಸೀಗೆಪುಡಿಯ ಡಬ್ಬಿಯೊಂದು, ತಲೆಗೊಂದರಂತೆ ಟವೆಲು, ಒಂದು ಹಿತ್ತಾಳೆಯ ಚೊಂಬು ಉಳಿದವು.

ವಸ್ತುಗಳನ್ನು ಕಡಮೆ ಮಾಡಿದ ಮೇಲೆ ಜೋಡಿಸುವ ಪ್ರಶ್ನೆ. ಇಲ್ಲಿ ನನಗೆ ಅಂಗಡಿಗಳ ಮೇಲೆ ಒಂದು ಆಕ್ಷೇಪವಿದೆ. ಗೋಡೆಗೆ ಅಂಟುವ ಕೊಕ್ಕೆ, ಕದದ ಬೆನ್ನಿಗೆ ತೂಗುವ ಜೇಬುಗಳು, ಮೂಲೆಗೆ ಹೊಂದುವ ತ್ರಿಕೋಣದ ತಟ್ಟೆ, ಇವುಗಳನ್ನು ಅಚ್ಚುಕಟ್ಟಿಗೆಂದು ಮಾರುತ್ತಾರೆ. ಇವುಗಳಲ್ಲಿ ಹೆಚ್ಚಿನವು ಮಾಡುವ ಕೆಲಸವೇನೆಂದರೆ ಮತ್ತಷ್ಟು ವಸ್ತುವಿಗೆ ಎಡೆಮಾಡಿಕೊಡುವುದು, ಮತ್ತು ಎಡೆಯಿದೆಯೆಂಬ ಕಾರಣದಿಂದಲೇ ಆ ವಸ್ತುವನ್ನು ಬೇಕೆನ್ನಿಸುವುದು. ಆದರೆ ಅಚ್ಚುಕಟ್ಟೇ ಅಧ್ಯಾತ್ಮಕ್ಕೆ ಹೊರಗಿನದೆಂದು ಇದರಿಂದ ತೀರ್ಮಾನಿಸಬಾರದು. ಮುನಿಯು ಪಾಲಿಸಬೇಕಾದ ಐದು ಎಚ್ಚರಗಳಲ್ಲಿ, ಎಂದರೆ ಸಮಿತಿಗಳಲ್ಲಿ, ನಾಲ್ಕನೆಯದು ಆದಾನನಿಕ್ಷೇಪಣ, ಎಂದರೆ ಎತ್ತುವುದರಲ್ಲಿಯೂ ಇಡುವುದರಲ್ಲಿಯೂ ಎಚ್ಚರ. ಕಮಂಡಲುವನ್ನು ಕೆಳಗಿಡುವ ಮುನ್ನ ಮುನಿಯು ನೆಲವನ್ನು ಕಣ್ಣಿಂದ ನೋಡುತ್ತಾನೆ, ಪಿಂಛಿಯಿಂದ ಮೆಲ್ಲನೆ ಸವರುತ್ತಾನೆ, ಆಮೇಲೆ ಇಡುತ್ತಾನೆ, ಎತ್ತುವಾಗಲೂ ಹಾಗೆಯೇ. ಮೂರು ವಸ್ತುಗಳನ್ನು ಮಾತ್ರ ಇಟ್ಟುಕೊಂಡವನಿಗೂ ಇಡುವ ಕ್ರಿಯೆಯೊಂದು ವ್ರತವಾಯಿತು. ನೆಲದಲ್ಲಿ ಇರುವೆಯಿದ್ದೀತೆಂಬ ಕರುಣೆಯೇ ಅದರ ಮೂಲವಾದರೂ, ಆ ಕರುಣೆಗೆ ನೆಲೆಯಾಗಿ ನಿಂತದ್ದು ಅಪ್ರಮಾದ, ಕೈ ಏನು ಮಾಡುತ್ತಿದೆಯೆಂಬುದನ್ನು ಮನಸ್ಸು ಬಿಡದೆ ಅರಿತಿರುವುದು. ಓಡುವ ಗಾಡಿಯಲ್ಲಿ ಇದು ಎಲ್ಲರಿಗೂ ಅನಿವಾರ್ಯವಾಗುತ್ತದೆ. ಹಲ್ಲುಜ್ಜುವ ಬ್ರಷ್ಷನ್ನು ಮರೆತು ಬೇಸಿನ್ನಿನ ಅಂಚಿನಲ್ಲಿ ಬಿಟ್ಟರೆ ಮೊದಲ ತಿರುವಿನಲ್ಲಿಯೇ ಅದು ನೆಲಕ್ಕೆ ಬೀಳುತ್ತದೆ. ಒದ್ದೆ ಟವೆಲನ್ನು ಮುಚ್ಚಿದ ಕಪಾಟಿನಲ್ಲಿ ಇಟ್ಟರೆ ಬೂಷ್ಟು ಹಿಡಿದು ಅಸಂಖ್ಯ ಸೂಕ್ಷ್ಮಜೀವಿಗಳು ಹುಟ್ಟುತ್ತವೆ, ಅವನ್ನು ಬಿಸಿನೀರಿನಲ್ಲಿ ಕುದಿಸಿ ಕೊಲ್ಲಬೇಕಾಗುತ್ತದೆ. ಆದ್ದರಿಂದ ನಾವು ಕದವಿರುವ ಕಪಾಟುಗಳನ್ನು ಎರಡಕ್ಕೆ ಇಳಿಸಿ, ಉಳಿದುದನ್ನು ಕಣ್ಣಿಗೆ ಕಾಣುವ ತೆರೆದ ಬಲೆಗೆ ಹಾಕಿದೆವು. ಕಾಣದ ವಸ್ತು ಎಚ್ಚರಕ್ಕೂ ಕಾಣದು.

ಒಂದು ವಿಷಯದಲ್ಲಿ ಮಾತ್ರ ಮಿತಿಯ ಲೆಕ್ಕ ಬೇಡವೆಂದು ನಾನು ಬಲವಾಗಿ ವಾದಿಸಿದೆ. ತಾಯಿಯವರಿಗೆ ಮಾತ್ರೆಗಳ ಪೆಟ್ಟಿಗೆ, ಹಾಸುವ ರಬ್ಬರಿನ ಬಟ್ಟೆ, ಡಯಾಪರುಗಳ ಕಟ್ಟು, ನೋವಿನೆಣ್ಣೆ, ಹಿಡಿದು ಏಳಲು ಗೋಡೆಗೆ ಎರಡು ಕಂಬಿ, ಇಷ್ಟೂ ಬೇಕು. ತನಗಾಗಿ ಇಷ್ಟು ಸಾಮಾನು ಬೇಡವೆಂದು ಆಕೆ ಸಂಕೋಚಪಟ್ಟರು. ಜೈನರ ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ತ್ಯವೂ ಒಂದು. ರೋಗಿಯಾದ, ಬಳಲಿದ ಸಾಧುವಿಗೆ ಕೈಯಾರೆ ಮಾಡುವ ಶುಶ್ರೂಷೆಯದು. ಮುನಿಗೆ ಸಲ್ಲುವ ಈ ತಪಸ್ಸು ಹೆತ್ತ ತಾಯಿಗೆ ಸಲ್ಲದೆಂದು ಯಾವ ಆಚಾರ್ಯರೂ ಹೇಳಲಾರರೆಂದು ನನ್ನ ನಂಬಿಕೆ. ಕೈಗೆಟಕುವ ಎತ್ತರದಲ್ಲಿದ್ದ ಅತಿ ಒಳ್ಳೆಯ ಅಂಕಣವನ್ನು ಪೂರ್ತಿಯಾಗಿ ಆಕೆಗೆ ಬಿಟ್ಟೆವು. ತನಗೆ ಬೇಡವೆನ್ನುವ ಹಕ್ಕು ಯಾರಿಗೂ ಇದೆ. ಮತ್ತೊಬ್ಬರ ದೇಹದ ಕಷ್ಟವನ್ನು ನಮ್ಮ ವೈರಾಗ್ಯದಿಂದ ಅಳೆಯುವ ಹಕ್ಕು ನಮಗಿಲ್ಲ.

ಐದನೆಯ ಸಮಿತಿಯೊಂದು ಉಳಿಯಿತು. ಮಲಮೂತ್ರಾದಿಗಳನ್ನು ನಿರ್ಜಂತುಕವಾದ ಸ್ಥಳವನ್ನು ನೋಡಿ ವಿಸರ್ಜಿಸಬೇಕೆಂಬ ಉತ್ಸರ್ಗ ಸಮಿತಿಯದು. ನಗರವಾಸಿಗಳಾದ ನಾವು ಇದನ್ನು ನಲ್ಲಿಯವರಿಗೂ ಚರಂಡಿಯವರಿಗೂ ಒಪ್ಪಿಸಿ ಮರೆತಿದ್ದೇವೆ. ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆನೀರು ಶುದ್ಧೀಕರಣಗೊಂಡು ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಹರಿಯುತ್ತಿರುವುದನ್ನು ಬಲ್ಲವರಿಗಾದರೂ, ತಾವು ಬೆಳಿಗ್ಗೆ ಸುರಿದ ಬಕೆಟ್ಟಿನ ನೀರು ಅದರಲ್ಲಿದೆಯೆಂಬ ಭಾವನೆ ಬರುವುದಿಲ್ಲ. ಕ್ಯಾರವಾನಿನಲ್ಲಿ ತಾನು ಬಳಸಿದ ನೀರು ತನ್ನ ಕಾಲಡಿಯ ತೊಟ್ಟಿಯಲ್ಲಿಯೇ ನಿಂತಿರುತ್ತದೆ, ಕಮೋಡಿನ ಪೆಟ್ಟಿಗೆಯನ್ನು ತನ್ನ ಕೈಯಿಂದಲೇ ಎಳೆದು ಖಾಲಿಮಾಡಬೇಕಾಗುತ್ತದೆ. ಕಾರ್ಖಾನೆಯವರು ಇಟ್ಟಿದ್ದ ಕೊಳೆನೀರಿನ ತೊಟ್ಟಿ ಮೂವತ್ತು ಲೀಟರಿನದು. ತುಂಬಿದರೆ ದಾರಿಬದಿಯ ಮೋರಿಗೆ ಬಿಡಬಹುದಲ್ಲ, ಎಲ್ಲರೂ ಬಿಡುತ್ತಾರೆ ಎಂದರು. ಶಿರಾಡಿಯ ಮೋರಿಗಳೆಲ್ಲ ಹಳ್ಳಗಳಿಗೆ ಇಳಿಯುತ್ತವೆ, ಆ ಹಳ್ಳಗಳು ಕೆಂಪುಹೊಳೆಯನ್ನು ಸೇರುತ್ತವೆ ಎಂದು ಮಿತ್ರರು ಒಪ್ಪಲಿಲ್ಲ. ದೊಡ್ಡ ತೊಟ್ಟಿಗೆ ಸ್ಥಳವೆಲ್ಲಿ ಎಂಬ ಮಾತು ಬಂತು. ಅಚ್ಚಿನ ಸಮೀಪದಲ್ಲಿ, ಬೇಸಿನ್ನಿನ ಕೆಳಗೆ ಇದ್ದ ಕದದ ಕಪಾಟೊಂದೇ ಅದಕ್ಕೆ ತಕ್ಕ ಸ್ಥಳ. ಮಿತಿಯನ್ನು ಕಟ್ಟಿಕೊಂಡ ಮೇಲೂ ಮುಂಜಾಗ್ರತೆಗೆಂದು ಅದರಲ್ಲಿ ಇಡಬೇಕೆಂದಿದ್ದ ಎರಡನೆಯ ಬಕೆಟ್ಟು, ಬಿಡಿ ಸಾಬೂನುಗಳ ಪೊಟ್ಟಣ, ಹೆಚ್ಚಿನ ಟವೆಲುಗಳನ್ನು ಮನೆಗೆ ಹಿಂದಿರುಗಿಸಿ, ಕಪಾಟನ್ನು ಬಿಚ್ಚಿಸಿ, ಎಪ್ಪತ್ತು ಲೀಟರಿನ ತೊಟ್ಟಿಯನ್ನು ಅಲ್ಲಿ ಕೂರಿಸುವಂತೆ ಅವರು ಹೇಳಿದರು.