ಕೊರತೆ ಇರುವುದು ಎಲ್ಲಿ?

ಒಂದು ವಸ್ತು ಬೇಕೆನಿಸಿದ ಗಳಿಗೆಯಲ್ಲಿ ನಮ್ಮೊಳಗೆ ಏನೇನು ನಡೆಯುತ್ತದೆ ಎಂದು ಸ್ವಲ್ಪ ಹೊತ್ತು ನಿಂತು ನೋಡುವ ಅಭ್ಯಾಸ ನಮಗೆ ಕಡಿಮೆ. ಬೇಕೆನಿಸಿತು, ಕೊಂಡೆವು, ಕೈಯಲ್ಲಿ ದುಡ್ಡಿಲ್ಲ, ಬಿಟ್ಟೆವು. ಬೇಕೆನಿಸುವುದಕ್ಕೂ ಕೊಳ್ಳುವುದಕ್ಕೂ ನಡುವಿನ ಸಣ್ಣ ಬಿಡುವಿನಲ್ಲಿ, ನಿಜವಾಗಿ ನಮ್ಮಲ್ಲಿ ಇಲ್ಲದಿರುವುದು ಏನು ಎಂದು ಕೇಳಿಕೊಳ್ಳಲು ಜಾಗವಿದೆ. ಈಚೆಗೆ ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನ ನೆಪದಲ್ಲಿ. ಕೊಡಗಿನ ಚೆಟ್ಟಳ್ಳಿಯ ನಮ್ಮ ನೆರೆಮನೆಯ ಹುಡುಗ, ಡಿಗ್ರಿಯ ಕೊನೆಯ ವರ್ಷದವನು, ಹೊಸದೊಂದು ಆಟ ಆಡುವುದಕ್ಕಾಗಿ ಮನೆಯ ಕಂಪ್ಯೂಟರಿಗೆ ಹೊಸ ಕಾರ್ಡು ಹಾಕಬೇಕೆಂದು ಹೊರಟಿದ್ದ. ಅವನ ತಂದೆಯ ಲೆಕ್ಕದಲ್ಲಿ ಅದು ದಂಡ. ಇಬ್ಬರ ಮಾತಿನಲ್ಲೂ ನಿಜವಿತ್ತು.

"ನಿಧಾನ ಅಂತ ಅಲ್ಲ ಅಂಕಲ್, ಆಟ ಶುರುವೇ ಆಗೋದಿಲ್ಲ" ಎಂದ ಹುಡುಗ. ಅವನ ಬಳಿ ಇದ್ದದ್ದು 2019ರಲ್ಲಿ ಮಾರುಕಟ್ಟೆಗೆ ಬಂದ ಎನ್‌ವಿಡಿಯಾದ ಜಿಟಿಎಕ್ಸ್ 1650. ಬೆಳಕಿನ ಕಿರಣ ಎಲ್ಲಿಂದ ಹೊರಟು ಎಲ್ಲಿ ತಾಗಿ ಎತ್ತ ಚದುರುತ್ತದೆ ಎಂದು ಲೆಕ್ಕಹಾಕಿ ನೆರಳು, ಪ್ರತಿಫಲನಗಳನ್ನು ಮೂಡಿಸುವ ವಿದ್ಯೆಗೆ ರೇ ಟ್ರೇಸಿಂಗ್ ಎನ್ನುತ್ತಾರೆ. ಅದಕ್ಕೆಂದೇ ಬೇಕಾದ ಅಂಗವನ್ನು ಆ ಕಂಪನಿ 2018ರಲ್ಲೇ ತನ್ನ ದುಬಾರಿ ಕಾರ್ಡುಗಳಲ್ಲಿ ಸೇರಿಸಿತ್ತು. ಮರುವರ್ಷ ಬಂದ ಅಗ್ಗದ 1650ರಲ್ಲಿ ಸೇರಿಸಲಿಲ್ಲ. ಕೆಲವು ವರ್ಷ ಇದರಿಂದ ದೊಡ್ಡ ತೊಂದರೆಯೇನೂ ಆಗಲಿಲ್ಲ, ಬೇಡದವರು ಆ ಸೌಲಭ್ಯ ಆಫ್ ಮಾಡಿ ಆಡುತ್ತಿದ್ದರು. ಆದರೆ 2024ರ ಡಿಸೆಂಬರಿನ 'ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್', 2025ರ ಮೇ ತಿಂಗಳ 'ಡೂಮ್: ದ ಡಾರ್ಕ್ ಏಜಸ್' ಆಟಗಳಲ್ಲಿ ಆಫ್ ಮಾಡುವ ಅವಕಾಶವನ್ನೇ ತೆಗೆದುಹಾಕಿದರು. ಆ ಅಂಗವಿಲ್ಲದ ಕಾರ್ಡಿಗೆ ಒಳಗೆ ಪ್ರವೇಶವಿಲ್ಲ.

ಕಾರ್ಡು ಸುಟ್ಟಿಲ್ಲ, ಸವೆದಿಲ್ಲ, ನಿನ್ನೆ ಮಾಡುತ್ತಿದ್ದುದನ್ನೆಲ್ಲ ಇವತ್ತೂ ಮಾಡುತ್ತದೆ. ದೂರದ ಯಾವುದೋ ಊರಿನಲ್ಲಿ ಯಾರೋ ಗೆರೆಯೊಂದನ್ನು ಎಳೆದರು, ಇದು ಗೆರೆಯ ಆಚೆ ಉಳಿಯಿತು, ಅಷ್ಟೆ. ಗೆರೆ ಎಳೆದವರನ್ನು ದೂರುವುದೂ ಸರಿಯಲ್ಲ. ಪ್ರತಿ ಕೋಣೆಯ ಬೆಳಕನ್ನೂ ಕಲಾವಿದರು ಮೊದಲೇ ಕೂತು ಹೊಂದಿಸಿಡಬೇಕಾದ ಕೆಲಸವನ್ನು ಈ ವಿದ್ಯೆ ಬಹಳಷ್ಟು ಹಗುರ ಮಾಡುತ್ತದೆ, ಅವರ ದುಡಿಮೆಗೂ ಬೆಲೆಯಿದೆ. ಆದರೂ ಕೇಳಬೇಕೆನಿಸುತ್ತದೆ: ಹಳತು ಎಂಬ ಮಾತು ವಸ್ತುವಿನ ಸ್ಥಿತಿಯನ್ನು ಹೇಳುತ್ತದೆಯೋ, ಅದನ್ನು ನೋಡುವವರ ಸ್ಥಿತಿಯನ್ನೋ? ಮೂವತ್ತು ವರ್ಷ ಲೆಕ್ಕ ಬರೆದು ಒಂದು ತಪ್ಪೂ ಮಾಡದ ಗುಮಾಸ್ತರೊಬ್ಬರು, ಹೊಸ ಸಾಫ್ಟ್‌ವೇರ್ ಬಂದ ದಿನ ಬೆಳಗಾಗುವುದರೊಳಗೆ ಕಚೇರಿಗೆ ಬೇಡದವರಾಗುವುದನ್ನು ನಾವೆಲ್ಲ ನೋಡಿಲ್ಲವೇ? ಅವರ ಲೆಕ್ಕ ಅಂದೂ ಸರಿಯಾಗಿಯೇ ಇತ್ತು.

ಈ ಕಾರ್ಡು ಮಾಡುವ ಕೆಲಸದ ಅಗಾಧತೆಯನ್ನು ಮಾತ್ರ ಯಾರೂ ಹಗುರವಾಗಿ ಕಾಣಬಾರದು. ಸಾಮಾನ್ಯ ಮಾನಿಟರಿನ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080, ಒಟ್ಟು 20,73,600 ಚುಕ್ಕೆಗಳು. ಸೆಕೆಂಡಿಗೆ 60 ಚಿತ್ರ ಎಂದರೆ, ನಾವು ಒಮ್ಮೆ ಉಸಿರೆಳೆದುಕೊಳ್ಳುವಷ್ಟರಲ್ಲಿ 12 ಕೋಟಿ 44 ಲಕ್ಷಕ್ಕೂ ಹೆಚ್ಚು ಸಲ ಯಾವ ಚುಕ್ಕೆಗೆ ಯಾವ ಬಣ್ಣ ಎಂದು ತೀರ್ಮಾನವಾಗಬೇಕು. ಒಂದೊಂದಾಗಿ ಮಾಡಿದರೆ ಮುಗಿಯದ ಈ ಕೆಲಸವನ್ನು ನೂರಾರು, ಸಾವಿರಾರು ಪುಟ್ಟ ಗಣಕಗಳು ಹಂಚಿಕೊಂಡು ಒಟ್ಟಿಗೇ ಮಾಡುತ್ತವೆ. 1999ರಲ್ಲಿ ಜಿಫೋರ್ಸ್ 256 ಎಂಬ ಕಾರ್ಡನ್ನು ತಂದಾಗ ಎನ್‌ವಿಡಿಯಾ ಅದನ್ನು ಜಿಪಿಯು ಎಂದು ಕರೆಯಿತು. ಆ ಹೆಸರು ನಿಂತಿತು. ಗಣಿತದಲ್ಲಿ, ಭೌತಶಾಸ್ತ್ರದಲ್ಲಿ ಬಾಳು ಸವೆಸಿದ ಎಷ್ಟು ಜನರ ತಪಸ್ಸು ಅಂಗೈ ಅಗಲದ ಈ ಹಲಗೆಯಲ್ಲಿ ಸೇರಿದೆಯೋ!

ಇನ್ನು ತಂದೆಯ ಮಾತು. "ಆಟಕ್ಕೆ ಮೂವತ್ತು ಸಾವಿರವೇ?" ಎಂದು ಅವರು ಕೇಳಿದರು. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷದಲ್ಲೂ ಈ ಪ್ರಶ್ನೆ ಸಲ್ಲುತ್ತದೆ, ಏಕೆಂದರೆ ಅವರದೇ ತೋಟದ ಲೈನ್ ಮನೆಯಲ್ಲಿರುವ ಕೆಲಸಗಾರನಿಗೆ ಅದು ಎರಡು ತಿಂಗಳ ಕೂಲಿಗಿಂತ ಹೆಚ್ಚು. ಈ ಅರಿವು ಕೊಳ್ಳುವವನ ಮನಸ್ಸಿನಲ್ಲಿ ಇರಲೇಬೇಕು. ಆದರೆ ಪ್ರಶ್ನೆಯಲ್ಲಿ 'ಆಟಕ್ಕೆ' ಎಂಬ ಮಾತಿನ ಮೇಲೆ ಬಿದ್ದ ಒತ್ತನ್ನು ನಾನು ಒಪ್ಪಲಾರೆ. ಆಟವನ್ನು ಇಷ್ಟು ಗೌರವದಿಂದ ಕಂಡ ನಾಡು ಕೊಡಗಿನಂಥದ್ದು ಎಷ್ಟಿದೆ? 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳ ತಂಡಗಳನ್ನು ಕೂಡಿಸಿ ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳಿಗೆ ಬೆಳೆದಿತ್ತು. ಅಲ್ಲಿಗೆ ಹೊಸ ಸ್ಟಿಕ್ಕು, ಹೊಸ ಶೂ ಕೊಂಡು ಹೊರಟ ಮಗನನ್ನು ಯಾವ ತಂದೆಯೂ ತಡೆಯುವುದಿಲ್ಲ, ಖರ್ಚಿನ ಲೆಕ್ಕ ಕೇಳುವುದೂ ಇಲ್ಲ.

ಹಾಕಿ ಮೈದಾನದಲ್ಲಿ ನಾಲ್ಕು ಜನರ ನಡುವೆ ನಡೆಯುವಂಥದ್ದು, ಇದು ಬಾಗಿಲು ಹಾಕಿಕೊಂಡು ಆಡುವಂಥದ್ದು ಎಂದು ನೀವು ಹೇಳಬಹುದು. ಅದು ನಿಜ, ಸಣ್ಣ ವ್ಯತ್ಯಾಸವೂ ಅಲ್ಲ. ಆದರೆ ಚೆಟ್ಟಳ್ಳಿ ಮೀನುಕೊಲ್ಲಿ ಕಾಡಿನ ಮಗ್ಗುಲಿನ ಊರು. ಹೊತ್ತು ಮುಳುಗಿತೆಂದರೆ ತೋಟಗಳಲ್ಲಿ ಆನೆಗಳ ಓಡಾಟ; ಗೇಟಿನಿಂದ ಮನೆಯವರೆಗಿನ ದಾರಿಯನ್ನೂ ಟಾರ್ಚು ಹಿಡಿದು ಕಿವಿಗೊಟ್ಟು ದಾಟಬೇಕಾದ ಸಂಜೆಗಳು ಇಲ್ಲಿ ಎಷ್ಟೋ. ಓದಿಗೆ, ಕೆಲಸಕ್ಕೆ ಮೈಸೂರು, ಬೆಂಗಳೂರು ಸೇರಿದ ಗೆಳೆಯರೊಡನೆ ಮಾತಾಡುತ್ತ ಆಡುವ ಒಂದೆರಡು ತಾಸು ಇಂಥ ಊರಿನ ಹುಡುಗನಿಗೆ ಏನೆಂಬುದನ್ನು, ಸಂಜೆ ಬೀದಿಗಿಳಿದರೆ ಹತ್ತು ಜನ ಸಿಗುವ ನಗರದವರು ಊಹಿಸುವುದು ಕಷ್ಟ. ಹೊರಗೆ ಇಷ್ಟು ಚಂದದ ಬೆಳಕಿರುವಾಗ ಒಳಗೆ ಕೂತು ಕೃತಕ ಬೆಳಕು ನೋಡುತ್ತೀಯಲ್ಲ ಎಂದು ಗದರಿಸುವುದು ಸುಲಭ. ಆ ಹೊರಗು ಸಂಜೆ ಆರರ ಮೇಲೆ ಅವನದಾಗಿ ಉಳಿದಿಲ್ಲ.

ಹಾಗಾದರೆ ಕೊಳ್ಳಲಿ ಎನ್ನೋಣವೇ? ಎನ್ನಬಹುದು. ಅದಕ್ಕೂ ಮುಂಚೆ ಆ ಹುಡುಗ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಆರ್ಡರ್ ಹಾಕುವ ಮೊದಲು ಜಗಲಿಯಲ್ಲಿ ಹಳೆಯ ಪೇಪರು ಹಾಸಿ, ಪ್ಲಗ್ಗು ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿ, ಒಂದೊಂದನ್ನೇ ನೋಡುತ್ತ ಕುಳಿತ. ಮಳೆಗಾಲದಲ್ಲಿ ಚಪ್ಪಲಿಗೂ ಪುಸ್ತಕದ ಬೆನ್ನಿಗೂ ಬೂಷ್ಟು ಹಿಡಿಯುವ ಊರಿದು. ಫ್ಯಾನಿನ ರೆಕ್ಕೆಗಳ ಮೇಲಿನ ದೂಳು ತೇವ ಕುಡಿದು ದಪ್ಪಗೆ ಮೆತ್ತಿಕೊಂಡಿತ್ತು. ಅದನ್ನು ಬ್ರಷ್ಷಿನಿಂದ ಬಿಡಿಸಿದ. ಕಾರ್ಡನ್ನು ಹೊರತೆಗೆದು ಅದರ ಅಂಚಿನ ಬಂಗಾರದ ಬಣ್ಣದ ಹಲ್ಲುಗಳನ್ನು ತಂಗಿಯ ಕಂಪಾಸಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಉದುರಿದ ಚೂರುಗಳನ್ನು ಊದಿ, ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಡಬ್ಬದ ಲೇಬಲ್ ಓದಿದ. ಹಳೆಯ ಕಾರ್ಡು ಸ್ಲಾಟಿನಿಂದಲೇ ದೊರೆಯುವ 75 ವ್ಯಾಟಿನೊಳಗೆ ಬದುಕುತ್ತಿತ್ತು. ಅವನು ನೋಡಿಟ್ಟಿದ್ದ ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟು, ಜೊತೆಗೆ ಬೇರೆಯದೇ ಒಂದು ವೈರು. ಆ ವೈರು ಈ ಡಬ್ಬದಲ್ಲಿ ಇರಲೇ ಇಲ್ಲ. ಮಾನಿಟರಂತೂ ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ತೋರಿಸಲಾರದ್ದು. ಇನ್ನಷ್ಟು ದುಡ್ಡು ಸುರಿದು 4060ಕ್ಕಿಂತ ಮೇಲಿನ ಕಾರ್ಡು ತಂದಿದ್ದರೆ ಅದು ಬರೆದ ಎಷ್ಟೋ ಚಿತ್ರಗಳನ್ನು ಯಾರೂ ನೋಡುತ್ತಿರಲಿಲ್ಲ.

ಒಂದು ಗಂಟೆಯ ಈ ಪರೀಕ್ಷೆಯಲ್ಲಿ ಅವನ ಆಸೆಯ ಆಕಾರವೇ ಬದಲಾಯಿತು. ಎಲ್ಲರೂ ಹೊಗಳುವ ಆ ಮೇಲಿನ ಕಾರ್ಡು ಪಟ್ಟಿಯಿಂದ ಬಿದ್ದುಹೋಯಿತು. ಯಾರೂ ಹೊಗಳದ, ಹೊರಗೆ ಕಾಣಿಸಿಕೊಳ್ಳದ ಎಸ್‌ಎಂಪಿಎಸ್ ಪಟ್ಟಿಗೆ ಸೇರಿತು. ನಮ್ಮ ಅತೃಪ್ತಿಗಳಿಗೆ ಸಾಮಾನ್ಯವಾಗಿ ವಿಳಾಸವೇ ಇರುವುದಿಲ್ಲ. ಮನೆ ಸಾಲದು, ಕೆಲಸ ಸಾಲದು, ಊರು ಸಾಲದು ಎಂದು ಗೊಣಗುತ್ತೇವೆ. ಸಾಲದಿರುವುದು ಮನೆಯೋ, ಮನೆಯೊಳಗೆ ಸದ್ದಿಲ್ಲದೆ ಕೂರಲು ಒಂದು ಮೂಲೆಯೋ? ಬೇಸರ ಬಂದಿರುವುದು ಕೆಲಸದ ಮೇಲೋ, ಅಲ್ಲಿ ಒಬ್ಬರಾಡಿದ ಒಂದು ಮಾತಿನ ಮೇಲೋ? ಮುಚ್ಚಳ ಬಿಚ್ಚಿ ನೋಡದವರು ಇಡೀ ಮನೆಯನ್ನೇ ಮಾರುತ್ತಾರೆ, ಇಡೀ ಕೆಲಸವನ್ನೇ ಬಿಡುತ್ತಾರೆ. ಹೊಸ ಮನೆಗೆ ಹಳೆಯ ಅಸಮಾಧಾನ ಸಾಮಾನಿನ ಲಾರಿಯಲ್ಲೇ ಬಂದಿಳಿಯುತ್ತದೆ.

ನಮ್ಮ ಕಾಫಿ ಬೆಳೆಗಾರರಿಗೆ ಈ ವಿವೇಕ ಹೊಸದೇನಲ್ಲ. 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರ ಇರುವ ಊರು ಚೆಟ್ಟಳ್ಳಿ. ಫಸಲು ಇಳಿದ ಹಳೆಯ ರೊಬಸ್ಟಾ ಗಿಡವನ್ನು ಬುಡಸಮೇತ ಕೀಳದೆ, ಕಾಂಡವನ್ನು ಮೋಟಾಗಿ ಕತ್ತರಿಸಿ, ಅದರಿಂದ ಒಡೆದ ಚಿಗುರಿಗೆ ಸಿ.ಎಕ್ಸ್.ಆರ್. ತಳಿಯ ಕಡ್ಡಿಯನ್ನು ಕಸಿ ಕಟ್ಟುವ ಕ್ರಮ ಬೆಳೆಗಾರರಿಗೆ ಗೊತ್ತು. ಬೇರಿನಲ್ಲಿ ಕೊರತೆಯಿಲ್ಲ ಎಂದು ಕಂಡುಕೊಂಡವನು ಬೇರನ್ನು ಉಳಿಸಿಕೊಳ್ಳುತ್ತಾನೆ. ಬದಲಾಗಬೇಕಾದದ್ದು ಮೇಲಿನದಷ್ಟೇ ಎಂದು ಅವನಿಗೆ ಖಾತ್ರಿಯಿದೆ. ಮೇಜಿನ ಮೇಲಿನ ಕಂಪ್ಯೂಟರು ಇಂಥ ಕಸಿಗೆ ಒಗ್ಗುವ, ಮನೆಯಲ್ಲಿ ಉಳಿದಿರುವ ಕೆಲವೇ ಯಂತ್ರಗಳಲ್ಲೊಂದು. ಮೊಬೈಲಿನ ಬೆನ್ನನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಬ್ಯಾಟರಿ ಸೋತರೆ ಎಷ್ಟೋ ಮಂದಿ ಫೋನನ್ನೇ ಬದಲಿಸುತ್ತಾರೆ. ತೆರೆಯಲಾಗದ ವಸ್ತುಗಳ ನಡುವೆ ಬೆಳೆದ ಮಕ್ಕಳಿಗೆ, ಕೆಟ್ಟದ್ದನ್ನು ಭಾಗ ಭಾಗವಾಗಿ ನೋಡಬಹುದು ಎಂಬ ಕಲ್ಪನೆಯಾದರೂ ಹೇಗೆ ಬರಬೇಕು? ಆಟದ ನೆಪದಲ್ಲಾದರೂ ಒಬ್ಬ ಹುಡುಗ ಸ್ಕ್ರೂ ಡ್ರೈವರ್ ಹಿಡಿದು ಯಂತ್ರದ ಒಳಗನ್ನು ಕಂಡರೆ ಅದು ನನಗೆ ಸಂತೋಷದ ಸಂಗತಿ.

ಕಾಯುವುದರ ಬಗ್ಗೆಯೂ ಒಂದು ಮಾತು. 2020ರ ಡಿಸೆಂಬರಿನಲ್ಲಿ 'ಸೈಬರ್‌ಪಂಕ್ 2077' ಎಂಬ ಆಟ ಬಿಡುಗಡೆಯಾದಾಗ ಮೊದಲ ದಿನವೇ ಆಡಬೇಕೆಂದು ಜಗತ್ತಿನಾದ್ಯಂತ ಜನ ಕಾದು ಕೂತಿದ್ದರು. ಆಟ ದೋಷಗಳ ಕಂತೆಯಾಗಿ ಬಂತು. ಸೋನಿ ಕಂಪನಿ ಅದನ್ನು ತನ್ನ ಪ್ಲೇಸ್ಟೇಷನ್ ಅಂಗಡಿಯಿಂದ ಕೆಲವು ತಿಂಗಳು ತೆಗೆದೇ ಹಾಕಿತು. ತಯಾರಕರು ತಿದ್ದುತ್ತ ಹೋದರು, 2023ರ ಸೆಪ್ಟೆಂಬರಿನ ದೊಡ್ಡ ಪರಿಷ್ಕರಣೆಯ ಹೊತ್ತಿಗೆ ಅದು ಮೆಚ್ಚುಗೆಯ ಆಟವಾಗಿತ್ತು. ಮೂರು ವರ್ಷ ತಡೆದವರು ಕಡಿಮೆ ಬೆಲೆಗೆ ಹೆಚ್ಚು ಒಳ್ಳೆಯ ಆಟ ಆಡಿದರು. ಮೊದಲ ದಿನದ ಆತುರದಲ್ಲಿ ಆಟದ ಮೇಲಿನ ಪ್ರೀತಿ ಎಷ್ಟು, ಗೆಳೆಯರೆಲ್ಲ ಮಾತಾಡುವಾಗ ತಾನೊಬ್ಬನೇ ಹೊರಗುಳಿಯುವ ಭಯ ಎಷ್ಟು? ಆ ಭಯ ಕೀಳೇನಲ್ಲ, ಕೂಡಿ ಬಾಳುವ ಜೀವಿಗೆ ಸಹಜವಾದದ್ದು. ಆದರೆ ಯಾವ ಕಾರ್ಡಿನಿಂದಲೂ ಅದು ನೀಗುವುದಿಲ್ಲ, ಮುಂದಿನ ಆಟ ಬಂದಾಗ ಮತ್ತೆ ಎದ್ದು ಕೂರುತ್ತದೆ.

ಆಟವೆಂದು ನಾವು ಕಡೆಗಣಿಸುವುದು ಎಲ್ಲಿಗೆ ಕೊಂಡೊಯ್ಯಬಹುದು ಎಂಬುದಕ್ಕೆ ಈ ಕಾರ್ಡುಗಳ ಚರಿತ್ರೆಯಲ್ಲೇ ಸಾಕ್ಷಿಯಿದೆ. 2012ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಲೆಕ್ಸ್ ಕ್ರಿಜೆವ್‌ಸ್ಕಿ, ಚಿತ್ರ ನೋಡಿ ಇದು ಬೆಕ್ಕು, ಇದು ಹಡಗು ಎಂದು ಗುರುತಿಸುವ ವಿದ್ಯೆಯನ್ನು ಯಂತ್ರಕ್ಕೆ ಕಲಿಸಿದ್ದು ಆಟಗಾರರಿಗೆಂದೇ ತಯಾರಾದ ಎರಡು ಜಿಟಿಎಕ್ಸ್ 580 ಕಾರ್ಡುಗಳಿಂದ. ಇವತ್ತಿನ ಕೃತಕ ಬುದ್ಧಿಮತ್ತೆಯ ಅಲೆ ಎದ್ದದ್ದರಲ್ಲಿ ಆ ಕೆಲಸದ ಪಾಲು ದೊಡ್ಡದು. ಈಗ ಎನ್‌ವಿಡಿಯಾದ ಆದಾಯದ ಬಹುಪಾಲು ಬರುವುದು ಡೇಟಾ ಸೆಂಟರುಗಳಿಂದ. ಪಾಕೆಟ್ ಮನಿ ಕೂಡಿಟ್ಟು ಕಾರ್ಡು ಕೊಂಡು ಆ ಕಂಪನಿಯನ್ನು ಬೆಳೆಸಿದ ಆಟಗಾರ ಅದರ ಲೆಕ್ಕಪುಸ್ತಕದಲ್ಲಿ ಸಣ್ಣವನಾದ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಬೆಲೆ ವಿಚಾರಿಸಿ ನಿಟ್ಟುಸಿರು ಬಿಡುವ ವಿದ್ಯಾರ್ಥಿಗಳನ್ನು ನೆನೆದಾಗ ನನಗೆ ಇದು ಕೃತಘ್ನತೆ ಎಂದೇ ತೋರುತ್ತದೆ.

ಹುಡುಗ ಕೊನೆಗೆ ತಂದೆಯೊಡನೆ ಕೂತು ಲೆಕ್ಕಹಾಕಿ, ಸಾಧಾರಣ ಕಾರ್ಡನ್ನೂ ಒಂದು ಒಳ್ಳೆಯ ಎಸ್‌ಎಂಪಿಎಸ್ಸನ್ನೂ ತರಿಸಿಕೊಂಡ. ಮಾನಿಟರು ಹಳೆಯದೇ ಇದೆ. ತೆಗೆದಿಟ್ಟ 1650 ಅನೇಕ ದಿನ ಅವನ ಮೇಜಿನ ಮೇಲೆ ಬಿದ್ದಿತ್ತು. ಈಗ ಅದು ಅವನ ಜೂನಿಯರ್ ಒಬ್ಬನ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದೆ. ಒಬ್ಬನಿಗೆ ಸಾಲದಾದದ್ದು ಇನ್ನೊಬ್ಬನಿಗೆ ಹಿಂದೆಂದೂ ಇಲ್ಲದ್ದು. ನಿಮ್ಮ ಮನೆಯ ಅಟ್ಟದಲ್ಲೋ ಬೀರುವಿನ ತಳದಲ್ಲೋ ಇಂಥದೊಂದು ಕಾರ್ಡು, ಕೀಬೋರ್ಡು, ಹಳೆಯ ಮಾನಿಟರು ಇರಬಹುದು. ಇನ್ನೊಂದು ಮಳೆಗಾಲ ಅದರ ಮೇಲೆ ಕೂರುವ ಮೊದಲು ಒರೆಸಿ, ಒಮ್ಮೆ ಹಾಕಿ ನೋಡಿ, ಬೇಕಾದವರು ಯಾರಿದ್ದಾರೆ ಎಂದು ವಿಚಾರಿಸಿ ಕೊಟ್ಟುಬಿಡಿ.